ಹೆರ್ ಪುಂಕ್ಟ್ ಬೂಟು ಬಿಚ್ಚಿದ್ದು

ಚಿತ್ರ ಬರೆಯಲು ಬಾರದವನು ಚಿತ್ರಗಳಿಗೆ ನಡೆದಾಡಲು ಕಲಿಸುತ್ತೇನೆಂದು ಮಾತು ಕೊಡಬಾರದು. ಇದನ್ನು ಯಾರಾದರೂ ನನಗೆ ಮುಂಚೆಯೇ ಹೇಳಿದ್ದರೆ ಚೆನ್ನಾಗಿತ್ತು. ಹೇಳಿದ್ದರೂ ನಾನು ಕೇಳುತ್ತಿದ್ದೆನೆಂಬ ಭರವಸೆಯೇನಿಲ್ಲ. ಹೈಸ್ಕೂಲಿನಲ್ಲಿ ನಾನು ಬರೆದ ಆನೆಯನ್ನು ನೋಡಿ ಡ್ರಾಯಿಂಗ್ ಮೇಷ್ಟ್ರು, “ಕಾಫಿ ಜಗ್ಗು ಚೆನ್ನಾಗಿದೆ ಕಣೋ, ಮೂತಿ ಸ್ವಲ್ಪ ಚಿಕ್ಕದು ಮಾಡು” ಎಂದಿದ್ದರು. ಅಂಥ ನಾನು, ಆಗ ಜರ್ಮನಿಯವರು ಕಂಪ್ಯೂಟರಿನವರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡ್ ಹಿಡಿದು ಬಂದು ಅಬ್‌ಸ್ಟಾಟ್ ಎಂಬ ಊರಿನಲ್ಲಿ ಕಾರುಗಳ ಬ್ರೇಕಿಗೆ ಪ್ರೋಗ್ರಾಮ್ ಬರೆದುಕೊಂಡಿದ್ದವನು, ಒಂದು ಚಳಿಗಾಲವಿಡೀ ಊಟದ ಮೇಜಿನ ಮೇಲೆ ಕಪ್ಪುಬಿಳುಪು ಕಾರ್ಟೂನ್ ಸಿನಿಮಾ ಮಾಡಿದೆ. ಓಡುವುದನ್ನು ನಿಲ್ಲಿಸುವುದು ನನ್ನ ಕಸುಬು. ನಿಂತದ್ದನ್ನು ಓಡಿಸುವ ಹುಚ್ಚು ಯಾಕೆ ಹಿಡಿಯಿತೋ!

ಹಿಡಿಸಿದವಳು ನನ್ನ ಮಗಳು ಇಂಚರ. ಆಗ ಅವಳು ಅಲ್ಲಿನ ಹಳ್ಳಿಯ ಶಾಲೆಯಲ್ಲಿ ಒಂದನೇ ಕ್ಲಾಸು. ತರಗತಿಯ ಮಕ್ಕಳೆಲ್ಲ ಒಬ್ಬರ ಮನೆಗೆ ಒಬ್ಬರು ಆಡಲು ಹೋಗುತ್ತಿದ್ದರು. ನಮ್ಮ ಮನೆಗೆ ಮಾತ್ರ ಯಾರೂ ಬಂದಿರಲಿಲ್ಲ. ನಮ್ಮ ಬೆಲ್ ಒತ್ತುತ್ತಿದ್ದವರು ಇಬ್ಬರೇ. ಒಬ್ಬ ಅಂಚೆಯವನು, ಇನ್ನೊಬ್ಬರು ಮೇಲಿನ ಮನೆಯ ಹೆರ್ ಕ್ರೇಮರ್. ಮೆಟ್ಟಿಲು ಗುಡಿಸುವ ನಮ್ಮ ಸರದಿ, ಅವರ ಭಾಷೆಯಲ್ಲಿ ಕೇರ್‌ವೋಖೆ, ಬಂದಿದೆಯೆಂದು ನೆನಪಿಸಲು ಅವರು ಬರುತ್ತಿದ್ದರು. ಒಂದು ದಿನ ಇಂಚರ ಸ್ಕೂಲ್ ಬ್ಯಾಗು ಇಳಿಸುತ್ತ, ನಮ್ಮ ಮನೆಗೆ ಯಾಕೆ ಯಾರೂ ಬರುವುದಿಲ್ಲ ಎಂದು ಜರ್ಮನ್‌ನಲ್ಲಿ ಕೇಳಿದಳು; ಶಾಲೆ ಸೇರಿದ ಮೇಲೆ ಅವಳ ಬಾಯಲ್ಲಿ ಕನ್ನಡ ಅಪರೂಪವಾಗಿತ್ತು. ಪ್ರಶ್ನೆ ನನ್ನ ಜರ್ಮನ್‌ಗೆ ಅರ್ಥವಾಗುವಷ್ಟು ಸುಲಭವಾಗಿತ್ತು. ನಾನು ಅವಳ ಬ್ಯಾಗನ್ನು ಗೂಟಕ್ಕೆ ನೇತುಹಾಕಿದೆ. ಆಮೇಲೆ ಅವಳು, ಶಾಲೆಯ ವಸಂತದ ಹಬ್ಬಕ್ಕೆ ಪ್ರತಿ ಮನೆಯವರೂ ಕೈಯಾರೆ ಏನಾದರೂ ಮಾಡಿ ತರಬೇಕೆಂದು ಟೀಚರ್ ಹೇಳಿದ್ದಾರೆಂದಾಗ, “ನಾವು ಕಾರ್ಟೂನ್ ಮಾಡೋಣ ಪುಟ್ಟಿ, ಹಳೇ ಕಾಲದ್ದು, ಕಪ್ಪುಬಿಳುಪಿಂದು” ಎಂದುಬಿಟ್ಟೆ.

ಕತೆ ಇಂಚರಳದೇ. ಒಬ್ಬ ಮನುಷ್ಯ ಕೇಕು ಹಿಡಿದುಕೊಂಡು ಹಿಮದಲ್ಲಿ ನಡೆದು ಬರುತ್ತಾನೆ, ಒಂದು ಹುಡುಗಿಯ ಮನೆಯ ಬೆಲ್ ಒತ್ತುತ್ತಾನೆ, ಒಳಗೆ ಬಂದು ಕೇಕು ತಿನ್ನುತ್ತಾನೆ. ಅಷ್ಟೇ. ಆ ಹುಡುಗಿ ಯಾರೆಂದು ನಾವು ಕೇಳಲಿಲ್ಲ. ನನಗೆ ಸೊನ್ನೆಯೊಂದನ್ನು ಬಿಟ್ಟು ಬೇರೇನೂ ಸರಿಯಾಗಿ ಬರೆಯಲು ಬಾರದ್ದರಿಂದ ನಾಯಕನ ಮುಖ ದುಂಡಗಾಯಿತು, ಹೊಟ್ಟೆಯೂ ದುಂಡಗಾಯಿತು. ಇಂಚರ ಅವನಿಗೆ ಹೆರ್ ಪುಂಕ್ಟ್ ಎಂದು ಹೆಸರಿಟ್ಟಳು. ಹೆರ್ ಎಂದರೆ ಶ್ರೀಯುತ, ಪುಂಕ್ಟ್ ಎಂದರೆ ಚುಕ್ಕಿ. ಚಳಿಯೆಂದು ಅವನಿಗೆ ಮೊಣಕಾಲುದ್ದದ, ಲಾಡಿ ಕಟ್ಟುವ ದೊಡ್ಡ ಬೂಟು ತೊಡಿಸಿದಳು. ಆ ಬೂಟು ಮುಂದೆ ಏನು ಮಾಡಲಿದೆಯೆಂದು ಆಗ ಯಾರಿಗೂ ತಿಳಿಯಲಿಲ್ಲ.

ಕ್ಯಾಮೆರಾ ಹೆರ್ ಕ್ರೇಮರ್ ಅವರದು. ನಾನು ಮೆಟ್ಟಿಲು ಗುಡಿಸುತ್ತಿದ್ದಾಗ ಇಂಚರ ಅವರ ಮುಂದೆ ನಮ್ಮ ಸಿನಿಮಾದ ಸುದ್ದಿಯನ್ನೆಲ್ಲ ಒದರಿದಳು. ಅವರು ಒಳಗೆ ಹೋಗಿ, ಒಮ್ಮೆ ಒತ್ತಿದರೆ ಒಂದೇ ಚಿತ್ರ ಹಿಡಿಯುವ ಹಳೆಯ ಫಿಲ್ಮ್ ಕ್ಯಾಮೆರಾ ತಂದರು. ಜೊತೆಗೆ ಕಪಾಟಿನಲ್ಲಿ ಉಳಿದಿದ್ದ ಒಂದು ಕಪ್ಪುಬಿಳುಪು ರೀಲು. “ಇದೊಂದೇ ಇರೋದು. ಮುಗಿದರೆ ಮುಗೀತು. ಮೊದಲು ಪೂರ್ತಿ ಪ್ಲಾನ್ ಮಾಡಿ” ಎಂದು ಬೆರಳೆತ್ತಿ ಎಚ್ಚರಿಸಿದರು. ನಾನು ನಗುತ್ತ ತಲೆಯಾಡಿಸಿದೆ. ಆಫೀಸಿನ ಪ್ರಾಜೆಕ್ಟುಗಳಿಗೂ ನಾನು ಹೀಗೇ ತಲೆಯಾಡಿಸುವುದು. ಸಹೋದ್ಯೋಗಿ ಇಮ್ರಾನ್, ಹುಬ್ಬಳ್ಳಿಯವನು, “ಏನ್ ಗುರು, ಕಂಪ್ಯೂಟರ್‌ನ್ಯಾಗ ಒಂದು ಸಂಜೀ ಕೆಲಸ ಅದು, ಪೆನ್ಸಿಲ್ ಹಿಡದು ಯಾಕ ಒದ್ದಾಡ್ತಿ?” ಎಂದ. ಅವನಿಗೆ ನಮ್ಮ ಭಾನುವಾರಗಳು ಗೊತ್ತಿರಲಿಲ್ಲ.

ಆ ಭಾನುವಾರಗಳನ್ನು ನೆನೆದರೆ ಈಗಲೂ ನನಗೆ ಮಂಪರು ಬಂದಂತಾಗುತ್ತದೆ. ಅಲ್ಲಿ ಭಾನುವಾರ ಸದ್ದು ಮಾಡುವಂತಿಲ್ಲ, ಅಂಗಡಿಯಿಲ್ಲ, ಮೊಳೆ ಹೊಡೆಯುವಂತಿಲ್ಲ. ಹೊರಗೆ ಹಿಮ ಬಿದ್ದು ಊರಿಗೆ ಊರೇ ಕಪ್ಪುಬಿಳುಪಾಗಿರುತ್ತಿತ್ತು. ಬ್ರೆಡ್ಡು ಸುತ್ತುವ ತೆಳು ಕಾಗದವನ್ನು ಅಡುಗೆಮನೆಯ ಕಿಟಕಿಯ ಗಾಜಿಗೆ ಅಂಟಿಸಿ, ಹಿಂದಿನ ಚಿತ್ರದ ಮೇಲೆ ಮುಂದಿನದನ್ನು ಕೂದಲೆಳೆಯಷ್ಟು ಸರಿಸಿ ಬರೆಯುತ್ತಿದ್ದೆವು. ಹೊರಗಿನ ಬೆಳಕು ಕಾಗದದ ಮೂಲಕ ಒಳಗೆ ಬರುವಾಗ ಹೆರ್ ಪುಂಕ್ಟ್ ನಮ್ಮ ಹಿತ್ತಲಿನ ಹಿಮದಲ್ಲೇ ನಡೆದು ಬರುತ್ತಿರುವಂತೆ ಕಾಣುತ್ತಿತ್ತು. ನನ್ನ ಹೆಂಡತಿ ಸುಧಾ ಒಗ್ಗರಣೆ ಹಾಕುತ್ತ, “ಸ್ವಲ್ಪ ಸರೀರಿ, ಹೆರ್ ಪುಂಕ್ಟ್ ಮುಖಕ್ಕೆ ಸಾಸಿವೆ ಸಿಡಿಯತ್ತೆ” ಎನ್ನುತ್ತಿದ್ದಳು. ಬರಬರುತ್ತ ಎಲ್ಲವೂ ನನಗೆ ಬಿಡಿಬಿಡಿ ಚಿತ್ರಗಳಾಗಿ ಕಾಣತೊಡಗಿದವು. ಮೀಟಿಂಗಿನಲ್ಲಿ ಬಾಸ್ ಕಾಫಿ ಲೋಟ ಎತ್ತಿದರೆ, ಇದಕ್ಕೆ ಎಷ್ಟು ಹಾಳೆ ಬೇಕಾದೀತು ಎಂದು ಯೋಚಿಸುತ್ತ ಕೂತಿರುತ್ತಿದ್ದೆ. ಅವರು ನನ್ನ ಅಭಿಪ್ರಾಯ ಕೇಳಿದ್ದು ಕಿವಿಗೇ ಬೀಳುತ್ತಿರಲಿಲ್ಲ.

ಒಂದಿಷ್ಟು ಬರೆಯುವುದು, ಒಂದಿಷ್ಟು ಚಿತ್ರ ಹಿಡಿಯುವುದು, ಹೀಗೆ ಹೆರ್ ಪುಂಕ್ಟ್ ಬಾಗಿಲಿಗೆ ಬಂದ. ಹುಡುಗಿ ಬಾಗಿಲು ತೆರೆದಳು. ಅವನ ಬಲಗಾಲು ಹೊಸಿಲು ದಾಟುವ ಚಿತ್ರವನ್ನು ನಾನು ಬರೆದು ಮುಗಿಸಿದ್ದೆ. ಅಷ್ಟರಲ್ಲಿ ಸುಧಾ ಸೌಟು ಹಿಡಿದು ಬಂದು ನಿಂತಳು. “ಏನ್ರೀ ಇದು, ಬೂಟು ಹಾಕ್ಕೊಂಡು ಒಳಗೆ ಬರ್ತಾನೆ?”

“ಕಾರ್ಟೂನ್ ಕಣೆ.”

“ಕಾರ್ಟೂನ್ ಆದ್ರೆ ಮನೆ ಮನೆ ಅಲ್ವಾ? ಹಿಮ ತುಳ್ಕೊಂಡು ಬಂದಿದಾನೆ!”

ಇಂಚರಳೂ ಚಿತ್ರ ನೋಡಿ ಹೌಹಾರಿದಳು. “ನೈನ್, ಅಪ್ಪಾ! ಶೂಹೆ!” ಅಂದರೆ, ಬೇಡ, ಶೂ ಬಿಚ್ಚಬೇಕು ಎಂದು. ಮೆಟ್ಟಿಲಲ್ಲಿ ಸಿಕ್ಕ ಹೆರ್ ಕ್ರೇಮರ್, ಚಿತ್ರದ ಬಾಗಿಲು ಮುಚ್ಚಿದ ಕೂಡಲೇ ಅವನನ್ನು ಕುರ್ಚಿಯಲ್ಲಿ ಕೂರಿಸಿಬಿಡಿ, ಬೂಟು ಬಿಚ್ಚಿದನೆಂದು ನೋಡುವವರು ಅರ್ಥ ಮಾಡಿಕೊಳ್ಳುತ್ತಾರೆ ಎಂದರು. ನಮ್ಮ ಮನೆಯಲ್ಲಿ ಯಾರೂ ಒಪ್ಪಲಿಲ್ಲ. ನಿಜ ಹೇಳಬೇಕೆಂದರೆ ನನ್ನ ಮನಸ್ಸೂ ಒಪ್ಪಲಿಲ್ಲ. ಆ ಚಿತ್ರ ಹರಿದೆ. ಬೂಟು ಬಿಚ್ಚಿಸೋಣವೆಂದರೆ ಕೈಯಲ್ಲಿ ಕೇಕಿದೆ. ಕೆಳಗಿಡಲು ಹೋದರೆ ಸುಧಾ, “ತಿನ್ನೋ ಪದಾರ್ಥ ಚಪ್ಪಲಿ ಪಕ್ಕ ಇಡ್ತಾರಾ?” ಎಂದಳು. ಕೊನೆಗೆ ಇಂಚರ ಕೇಕನ್ನು ಅವನ ತಲೆಯ ಮೇಲೆ ಇಡಿಸಿದಳು. ತಲೆಯ ಮೇಲೆ ಕೇಕು ಹೊತ್ತವನು ಬಗ್ಗುವಂತಿಲ್ಲ, ಬಗ್ಗದೆ ಲಾಡಿ ಸಿಗುವುದಿಲ್ಲ. ನಾನು ಬರೆದ ಬೆರಳುಗಳು ಶುಂಠಿಯಂತಿದ್ದವು. ಆ ಬೆರಳುಗಳಿಂದ ಅವನು ಲಾಡಿ ಎಳೆದ, ಗಂಟು ಬಿಗಿಯಿತು, ಕುಂಟಿದ, ಗೋಡೆಗೊರಗಿದ, ಕೇಕು ವಾಲಿತು, ಹಿಡಿದ. ವಾರಗಳು ಉರುಳಿದವು. ಒಂದು ಬೂಟು ಬಿಚ್ಚಿತು. ಎರಡನೆಯದು ಅರ್ಧ ಬಿಚ್ಚಿದಾಗ ಕ್ಯಾಮೆರಾ ಕಿರ್ರೆಂದು ನಿಂತಿತು. ರೀಲು ಮುಗಿದಿತ್ತು.

ಹೆರ್ ಪುಂಕ್ಟ್ ಒಳಗೆ ಬರಲೇ ಇಲ್ಲ. ಅಂದು ಇಂಚರ ಅಳಲಿಲ್ಲ, ಅದೇ ನನಗೆ ಹೆಚ್ಚು ನೋವು ತಂದಿತು. “ಅವನೂ ಬರಲಿಲ್ಲ” ಎಂದಷ್ಟೇ ಹೇಳಿ ಪೆನ್ಸಿಲುಗಳನ್ನು ಡಬ್ಬಿಗೆ ತುಂಬಿದಳು.

ಹೆರ್ ಕ್ರೇಮರ್ ಫಿಲ್ಮನ್ನು ತಮ್ಮ ಬಚ್ಚಲಲ್ಲೇ ತೊಳೆದು ಒಣಗಿಸಿಕೊಟ್ಟರು. ಹಬ್ಬದ ದಿನ ಶಾಲೆಯ ಗೋಡೆಯ ಮೇಲೆ ಬಿಳಿ ಬಟ್ಟೆ ಕಟ್ಟಿ ತೋರಿಸಿದೆವು. ನಾನು ಹಿಂದಿನ ಕುರ್ಚಿಯಲ್ಲಿ, ಓಡಿಹೋಗಲು ಅನುಕೂಲವಾಗುವಂತೆ ಕೂತಿದ್ದೆ. ಹೆರ್ ಪುಂಕ್ಟ್ ಹಿಮದಲ್ಲಿ ನಡುಗುತ್ತ ನಡೆದ. ನಡುಗಿದ್ದು ಚಳಿಗಲ್ಲ, ನನ್ನ ಕೈಗುಣಕ್ಕೆ. ಕೇಕು ತಲೆಗೇರಿದ್ದೇ ತಡ, ಮಕ್ಕಳು ಬಿದ್ದು ಬಿದ್ದು ನಗತೊಡಗಿದರು. ಅವನು ಕುಂಟಿದಾಗ ಬೆಂಚುಗಳೇ ಕುಣಿದವು. ಆಮೇಲೆ ಬಟ್ಟೆ ಬೆಳ್ಳಗಾಯಿತು. ಯೋನಾಸ್ ಎಂಬ ಹುಡುಗ ಎದ್ದು ನಿಂತು, “ಮುಂದೆ? ಒಳಗೆ ಹೋದನಾ?” ಎಂದು ಕೂಗಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಇಂಚರ, “ಶನಿವಾರ ನಮ್ಮ ಮನೆಗೆ ಬನ್ನಿ, ಗೊತ್ತಾಗುತ್ತೆ” ಎಂದಳು.

ಶನಿವಾರ ಬೆಲ್ ಆಯಿತು. ಇಂಚರ ಓಡಿದಳು. ಹೊಸಿಲಾಚೆ ನಾಲ್ಕು ಮಕ್ಕಳು. ಯೋನಾಸ್ ಉಡುಗೊರೆಯ ಪೊಟ್ಟಣವನ್ನು ತಲೆಯ ಮೇಲಿಟ್ಟುಕೊಂಡು, ಗೋಡೆಗೊರಗಿ, ಒಂಟಿಕಾಲಲ್ಲಿ ಕುಂಟುತ್ತ ಶೂ ಬಿಚ್ಚುತ್ತಿದ್ದ. ಉಳಿದವರೂ ಅವನ ಹಿಂದೆ ಹಾಗೇ ಕುಂಟುತ್ತಿದ್ದರು. ಬೇರೆಯವರ ಮನೆಯಲ್ಲಿ ಅಷ್ಟು ಹೊತ್ತು ಬೇಕಾಗುತ್ತಿತ್ತೋ ಇಲ್ಲವೋ. ನಮ್ಮ ಮನೆಗೆ ಬರುವ ರೀತಿಯೇ ಇದು ಎಂದು ಅವರು ನಂಬಿದ್ದರು. ಸುಧಾಳ ಕಣ್ಣು ತುಂಬಿತು. ಒಗ್ಗರಣೆ ಹೊಗೆ ಎಂದಳು. ಆಮೇಲೆ ನೋಡಿದರೆ ಒಲೆಯನ್ನೇ ಹಚ್ಚಿರಲಿಲ್ಲ.

ಇದನ್ನೆಲ್ಲ ನಾನು ಕಂಡದ್ದು ಮಕ್ಕಳ ಹಿಂದಿನಿಂದ, ಮೆಟ್ಟಿಲ ಮೇಲೆ ನಿಂತು. ಬೇಕರಿಯಿಂದ ಕೇಕು ತರಲು ಹೋಗಿದ್ದವನು ಆಗಷ್ಟೇ ಬಂದಿದ್ದೆ. ಸಂತೋಷಕ್ಕೆ ನನಗೆ ಮೈಮೇಲೆ ಎಚ್ಚರವಿರಲಿಲ್ಲ. ಅವರೆಲ್ಲ ಒಳಗೆ ಹೋದದ್ದೇ ನಾನೂ ನೇರವಾಗಿ ಹೊಸಿಲು ದಾಟಿದೆ. “ಶೂಹೆ!” ಎಂದು ಐದು ಮಕ್ಕಳೂ ಒಟ್ಟಿಗೆ ಕಿರುಚಿದರು. ನೋಡಿದರೆ, ಕಾಲಲ್ಲಿ ಕೆಸರು ಮೆತ್ತಿದ ಬೂಟು. ಹಿಂದೆ ಸರಿದೆ. ಎರಡೂ ಕೈಯಲ್ಲಿ ಕೇಕು, ಲಾಡಿಯ ಗಂಟು ಬಿಗಿದಿದೆ. ಕೆಳಗಿಡೋಣವೆಂದರೆ ಸುಧಾ ನೋಡುತ್ತಿದ್ದಾಳೆ. ಮೇಲಿನ ಮೆಟ್ಟಿಲಲ್ಲಿ ಹೆರ್ ಕ್ರೇಮರ್ ಪೊರಕೆ ಹಿಡಿದು ನಿಂತಿದ್ದಾರೆ. ಬೇರೆ ದಾರಿ ಕಾಣದೆ ಕೇಕನ್ನು ತಲೆಯ ಮೇಲಿಟ್ಟುಕೊಂಡೆ. ಮಕ್ಕಳು ಬಾಗಿಲಲ್ಲಿ ಸಾಲಾಗಿ ಕೂತು ನೋಡತೊಡಗಿದರು. ಇಂಚರ, ಎಷ್ಟೋ ದಿನದ ಮೇಲೆ ಕನ್ನಡದಲ್ಲಿ, “ಅಪ್ಪಾ, ಬೇಗ ಒಳಗೆ ಬಾ, ರೀಲು ಮುಗಿಯತ್ತೆ!” ಎಂದಳು.