ಅತ್ತೆಗೊಂದು ಹಿಡಿ ಹಿಮ

ಅಳಿಯನಾದವನು ಅತ್ತೆಗೆ ಏನು ಬೇಕಾದರೂ ಮಾತು ಕೊಡಬಹುದು. ಇಳಕಲ್ ಸೀರೆ ಕೊಡಿಸುತ್ತೇನೆ ಎನ್ನಬಹುದು, ಶ್ರೀಶೈಲಕ್ಕೆ ಕರೆದೊಯ್ಯುತ್ತೇನೆ ಎನ್ನಬಹುದು. ಸೀರೆ ಅಂಗಡಿಯಲ್ಲಿ ಸಿಗುತ್ತದೆ, ಶ್ರೀಶೈಲ ಇದ್ದಲ್ಲೇ ಇರುತ್ತದೆ. ಆದರೆ ಆಕಾಶದಿಂದ ಬೀಳಬೇಕಾದ ವಸ್ತುವನ್ನು ಮಾತ್ರ ಯಾವ ಅಳಿಯನೂ ಯಾವ ಅತ್ತೆಗೂ ಮಾತು ಕೊಡಬಾರದು. ನಾನು ಕೊಟ್ಟೆ. ನನ್ನ ಹೆಂಡತಿ ಶೈಲಾಳ ಬಾಣಂತನಕ್ಕೆ ಅವಳ ತಾಯಿಯನ್ನು ಧಾರವಾಡದಿಂದ ಇಂಗ್ಲೆಂಡಿನ ಲೀಡ್ಸಿಗೆ ಕರೆಸಿಕೊಳ್ಳುವ ಮಾತು ನಡೆದಿತ್ತು. ಅತ್ತೆಯವರು ಫೋನಿನಲ್ಲಿ ಹಿಂದೆ ಮುಂದೆ ನೋಡುತ್ತಿದ್ದರು. ಮಂಡಿ ನೋವು, ವಿಮಾನದ ಭಯ, ಆ ದೇಶದಲ್ಲಿ ಪೂಜೆಗೆ ಬಿಲ್ವಪತ್ರೆ ಸಿಗುತ್ತದೋ ಇಲ್ಲವೋ ಎಂಬ ಅನುಮಾನ. ನಾನು ಹೆಂಡತಿಯ ಕೈಯಿಂದ ರಿಸೀವರ್ ಕಿತ್ತುಕೊಂಡು, "ಬನ್ನಿ ಅತ್ತೆ, ನಿಮಗೆ ಹಿಮ ತೋರಿಸ್ತೀನಿ" ಎಂದುಬಿಟ್ಟೆ. ಆ ಕಡೆಯಿಂದ, "ಬರ್ಫ ಬೀಳತೈತೇನ್ರಿ ನಿಮ್ಮಲ್ಲೆ? ಖರೇನ?" ಎಂಬ ಪ್ರಶ್ನೆ ಬಂತು. "ರಾಶಿ ರಾಶಿ" ಎಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿಲ್ಲ.

ಆಗ ನಾವು ಹೆಡಿಂಗ್ಲೀಯಲ್ಲಿ, ವಿದ್ಯಾರ್ಥಿಗಳೇ ತುಂಬಿದ್ದ ಒಂದು ಬೀದಿಯಲ್ಲಿ, ಗೋಡೆಗೆ ಗೋಡೆ ಅಂಟಿದ ಮನೆಯಲ್ಲಿ ಬಾಡಿಗೆಗಿದ್ದೆವು. ನಾನು ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಕಿರಿಯ ವೈದ್ಯ. ಮಲಗಿಸಿದವನು ಎಷ್ಟು ಹೊತ್ತಿಗೆ ಏಳುತ್ತಾನೆಂದು ಹೇಳಬಲ್ಲವನಿಗೆ ಹಿಮ ಯಾವಾಗ ಬೀಳುತ್ತದೆಂದು ಹೇಳುವುದು ಏನು ಮಹಾ ಎಂಬ ಧೈರ್ಯವಿತ್ತು. ಅತ್ತೆಯವರು ಬೇಸಗೆಯಲ್ಲಿ ಬಂದಿಳಿದರು. ಡಿಸೆಂಬರಿನ ಮೊದಲ ವಾರ ವಾಪಸು ಹೋಗುವ ಟಿಕೆಟ್ಟು, ಚೀಲದ ತುಂಬ ಅಂಟಿನುಂಡೆಯ ಸಾಮಾನು, ಮಗನಿಂದ ಕಡ ತಂದ ಒಂದು ಕ್ಯಾಮೆರಾ. ಕ್ಯಾಮೆರಾದೊಳಗೆ ಒಂದೇ ಒಂದು ರೀಲು. ಅದರಲ್ಲಿ ಕೊನೆಯ ಒಂದು ಫೋಟೊ ಬರ್ಫಕ್ಕೆ ಮೀಸಲು ಎಂದು ಬಂದ ದಿನವೇ ಘೋಷಣೆಯಾಯಿತು. ಬರ್ಫದಲ್ಲಿ ನಿಂತ ಫೋಟೊ ತರುತ್ತೇನೆಂದು ಅವರು ಓಣಿಗೆಲ್ಲ ಹೇಳಿ ಬಂದಿದ್ದರಂತೆ. ಮಗಳು ಹುಟ್ಟಿದಳು, ಹೆಸರಿಟ್ಟೆವು, ರೀಲು ಕರಗುತ್ತಾ ಬಂತು. ಕೂಸು ಮೊದಲ ಸಲ ಬೋಚುಬಾಯಿ ತೆರೆದು ನಕ್ಕಾಗ ನಾನು ಕ್ಯಾಮೆರಾಕ್ಕೆ ಕೈ ಹಾಕಿದೆ. "ತಡೀರಿ ಅಳಿಯಾರ, ಅದು ಬರ್ಫದ್ದು. ಕೂಸು ನಾಳೇನೂ ನಗತೈತಿ" ಎಂದು ಅತ್ತೆಯವರು ಅದನ್ನು ಎತ್ತಿ ಕಪಾಟಿನಲ್ಲಿಟ್ಟರು.

ನವೆಂಬರ್ ಬಂತು. ನಾನು ದಿನಾ ಟೀವಿಯ ಮುಂದೆ ಕೂರತೊಡಗಿದೆ. ಟೀವಿಯಲ್ಲಿ ಹವಾಮಾನ ಹೇಳುವವರು ನಗುನಗುತ್ತಾ ಮಳೆ, ಗಾಳಿ, ಮತ್ತೆ ಮಳೆ ಎನ್ನುತ್ತಿದ್ದರು. ಅವರನ್ನು ನಂಬಿ ಕೂತರೆ ಕೆಡುತ್ತೇನೆಂದು ಇಂಟರ್‌ನೆಟ್ಟಿನಲ್ಲಿ ಹುಡುಕಿದಾಗ ಸಿಕ್ಕಿದ್ದು ಹವಾಮಾನದ ಹುಚ್ಚರ ಒಂದು ಫೋರಮ್. ಬರ್ಮಿಂಗ್‌ಹ್ಯಾಮಿನ ಬೇಕರಿಯವನು, ನಾಟಿಂಗ್‌ಹ್ಯಾಮ್ ಕಡೆ ಬೀಸ್ಟನ್ನಿನ ಒಬ್ಬ ಸಂಶೋಧಕಿ, ಇಂಥವರೆಲ್ಲ ಸೇರಿ ಅಮೆರಿಕದ ಕಂಪ್ಯೂಟರು ಏನೆಂದಿತು, ಯುರೋಪಿನ ಕಂಪ್ಯೂಟರು ಏನೆಂದಿತು ಎಂದು ದಿನವಿಡೀ ಕಚ್ಚಾಡುತ್ತಿದ್ದರು. ಬಣ್ಣದ ನಕ್ಷೆಗಳು ದಿನಕ್ಕೆ ಹಲವು ಸಲ ಹೊಸದಾಗುತ್ತಿದ್ದವು. ಆಗಿನ ಇಂಟರ್‌ನೆಟ್ಟು ಫೋನಿನ ತಂತಿಯಲ್ಲೇ ಬರುತ್ತಿದ್ದುದರಿಂದ ನಕ್ಷೆ ಮೇಲಿನಿಂದ ಕೆಳಕ್ಕೆ ಗೆರೆ ಗೆರೆಯಾಗಿ ಇಳಿಯುತ್ತಿತ್ತು. ಮೊದಲು ಐಸ್‌ಲ್ಯಾಂಡ್, ಆಮೇಲೆ ಸ್ಕಾಟ್ಲೆಂಡ್. ಚಳಿಯ ನೇರಳೆ ಬಣ್ಣ ನಿಧಾನವಾಗಿ ದಕ್ಷಿಣಕ್ಕೆ ಜಾರುತ್ತಿರುವಾಗ ನಾನು ಪರದೆಗೆ ಮೂಗು ತಾಗಿಸಿ ಕೂತಿರುತ್ತಿದ್ದೆ. ನ್ಯೂಕಾಸಲ್ ಬಂತು, ಇನ್ನೇನು ಲೀಡ್ಸ್ ಬರಬೇಕು, ಅಷ್ಟರಲ್ಲಿ ಶೈಲಾಳ ಕೂಗು. "ರೀ, ಫೋನ್ ಬಿಡ್ರಿ! ನಮ್ಮಕ್ಕ ಹುಬ್ಬಳ್ಳಿಯಿಂದ ಹಚ್ಚತೀನಿ ಅಂದ ಹೊತ್ತಾಗಿ ಒಂದ ತಾಸಾತು, ಆಕಿಗೆ ಬರೇ ಎಂಗೇಜ್, ಎಂಗೇಜ್!" ತಂತಿ ಬಿಟ್ಟುಕೊಟ್ಟೆ, ನಕ್ಷೆ ನ್ಯೂಕಾಸಲ್ಲಿನಲ್ಲೇ ನಿಂತಿತು, ಲೀಡ್ಸ್ ಬರಲೇ ಇಲ್ಲ.

ಆ ನಕ್ಷೆಗಳಲ್ಲಿ ಹಿಮ ಇರುತ್ತಿರಲಿಲ್ಲವೆಂದಲ್ಲ. ಯಾವಾಗಲೂ ಇರುತ್ತಿತ್ತು, ಯಾವಾಗಲೂ ಇನ್ನು ಹತ್ತು ದಿನಕ್ಕೆ. ಮರುದಿನ ನೋಡಿದರೂ ಹತ್ತೇ ದಿನ. ನಮ್ಮ ಊರುಗಳಲ್ಲಿ ದೆವ್ವ ಬಾರದಿರಲೆಂದು ಬಾಗಿಲಿನ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದರಲ್ಲ, ಇಂಗ್ಲೆಂಡಿನ ಬಾಗಿಲಿಗೂ ಯಾರೋ ಹಾಗೆ ಬರೆದಿಟ್ಟಿರಬೇಕು. ಹಿಮದ ಬದಲು ಬಂದದ್ದು ಬಿರುಗಾಳಿ. ಪಡುವಣದಿಂದ ಒಂದರ ಹಿಂದೊಂದು ಬಂದು, ಕಸದ ಡಬ್ಬಿಗಳನ್ನು ಬೀದಿಯುದ್ದಕ್ಕೂ ಉರುಳಿಸಿದವು. ಒಂದು ಮಧ್ಯಾಹ್ನ ಹಿತ್ತಲಿನ ಹಗ್ಗದ ಮೇಲಿದ್ದ ಅತ್ತೆಯವರ ಸೀರೆ ಎದ್ದು ಹಾರಿ ಪಕ್ಕದ ಮನೆಯ ವಿದ್ಯಾರ್ಥಿಗಳ ಅಂಗಳಕ್ಕೆ ಹೋಯಿತು. ಅದನ್ನು ಹೇಗೆ ಮಡಚಬೇಕೆಂದು ತಿಳಿಯದ ಹುಡುಗನೊಬ್ಬ, ಉಂಡೆ ಮಾಡಿ, ಎರಡೂ ಕೈಯಲ್ಲಿ ಹಸುಗೂಸಿನಂತೆ ಎತ್ತಿಕೊಂಡು ಬಂದು ಒಪ್ಪಿಸಿದ. ಅತ್ತೆಯವರು ಅವನ ಕೈಗೆ ಎರಡು ಅಂಟಿನುಂಡೆ ಇಟ್ಟರು. ಬಾಣಂತಿಯ ಉಂಡೆ ತಿಂದ ಆ ಹುಡುಗ ಮುಂದೆ ಗಾಳಿ ಬೀಸಿದಾಗಲೆಲ್ಲ ನಮ್ಮ ಹಗ್ಗದ ಕಡೆ ಆಸೆಯಿಂದ ನೋಡುತ್ತಿದ್ದ.

ಕೊನೆಗೆ ನಾಚಿಕೆ ಬಿಟ್ಟು ಫೋರಮ್ಮಿನಲ್ಲಿ ನನ್ನ ಕಷ್ಟ ಬರೆದೆ. ಅತ್ತೆ ಬಂದಿದ್ದಾರೆ, ಬೇಗ ಹೊರಡುತ್ತಾರೆ, ಅಷ್ಟರೊಳಗೆ ಹಿಮ ಬೇಕು. ಇಂಗ್ಲೆಂಡಿನಲ್ಲಿ ಅತ್ತೆ ಎಂದರೆ ಬರೀ ತಮಾಷೆಯ ವಸ್ತು. "ಹಿಮ ಬಿದ್ದರೆ ವಿಮಾನ ಹಾರುವುದಿಲ್ಲ, ಅತ್ತೆ ನಿನ್ನ ಮನೆಯಲ್ಲೇ ಉಳಿಯುತ್ತಾಳೆ, ಜೋಕೆ" ಎಂದು ಬೇಕರಿಯವನು ಎಚ್ಚರಿಸಿದ. ಇಲ್ಲಪ್ಪಾ, ಅವರು ಸಂತೋಷಪಡಲಿ ಎಂದೇ ಕೇಳುತ್ತಿದ್ದೇನೆ ಎಂದು ಬರೆದಾಗ ಎಲ್ಲರೂ ದಂಗಾದರು. ಅತ್ತೆಯ ಸಂತೋಷಕ್ಕಾಗಿ ಹಿಮ ಬೇಡುವ ಗಂಡಸನ್ನು ಅವರು ಕಂಡಿರಲಿಲ್ಲ. ಅಂದಿನಿಂದ ನಮ್ಮ ಅತ್ತೆಯವರು ಇಡೀ ಫೋರಮ್ಮಿಗೇ ಅತ್ತೆಯಾದರು. ಒಮ್ಮೆ ನಾನು, ನಾಳೆ ಬೀಳುತ್ತದೆಂದು ಅವರ ಮಂಡಿ ಹೇಳುತ್ತಿದೆ ಎಂದು ಬರೆದೆ. ಅಷ್ಟೇ ಸಾಕಾಯಿತು. ಪ್ರತಿದಿನ ನಾಲ್ಕು ಊರುಗಳಿಂದ ಒಂದೇ ಪ್ರಶ್ನೆ: ಇವತ್ತು ಮಂಡಿ ಏನನ್ನುತ್ತದೆ? ನಾನು ಅಡುಗೆಮನೆಗೆ ಹೋಗಿ ವಿಚಾರಿಸಿಕೊಂಡು ಬರಬೇಕು. "ಎಡಗಾಲ ಜಗ್ಗಾಕತೈತಿ ಅಂತ ಹೇಳ್ರಿ ಅವರಿಗೆ. ಬಲಗಾಲ ಸುಮ್ಮನೈತಿ" ಎಂದು ಅತ್ತೆಯವರು ರೊಟ್ಟಿ ತಟ್ಟುತ್ತಲೇ ವರದಿ ಕೊಡುತ್ತಿದ್ದರು. ಅಮೆರಿಕ ಹಿಮವೆಂದರೆ, ಯುರೋಪು ಮಳೆಯೆಂದರೆ, ಧಾರವಾಡದ ಎಡಮಂಡಿ ಅಮೆರಿಕದ ಪಕ್ಷ. ಮಂಡಿಯೂ ತಪ್ಪಿತು. ಆದರೆ ಕಂಪ್ಯೂಟರುಗಳಿಗಿಂತ ಹೆಚ್ಚೇನೂ ತಪ್ಪಲಿಲ್ಲವೆಂದು ಅದರ ಗೌರವ ಕುಗ್ಗಲಿಲ್ಲ.

ಹಿಮದ ಹುಚ್ಚರಿಗೆ ಒಂದು ವ್ರತವಿದೆ. ಬೀದಿದೀಪವನ್ನೇ ನೋಡುತ್ತಾ ಕೂರುವುದು. ಬರಿಗಣ್ಣಿಗೆ ಕತ್ತಲಲ್ಲಿ ಕಾಣದ ಹಿಮದ ಚೂರು ದೀಪದ ಬೆಳಕಿನಲ್ಲಿ ಮೊದಲು ಕಾಣುತ್ತದೆ. ಅಲ್ಲಿ ಡಿಸೆಂಬರಿನಲ್ಲಿ ಚಹದ ಹೊತ್ತಿಗೇ ಕತ್ತಲೆ. ಅತ್ತೆಯವರು ಹಣೆಗೆ ವಿಭೂತಿ ಹಚ್ಚಿಕೊಂಡು, ಮೊಮ್ಮಗಳನ್ನು ಕಾಲ ಮೇಲೆ ಹಾಕಿಕೊಂಡು, ಕಿಟಕಿಯ ಬಳಿ ಕೂತು ಎದುರಿನ ಕಿತ್ತಳೆ ಬಣ್ಣದ ದೀಪ ನೋಡುವರು. ನಾನು ಆಸ್ಪತ್ರೆಯಿಂದ ಬಂದು ಕೋಟು ಬಿಚ್ಚದೆ ಪಕ್ಕದಲ್ಲಿ ನಿಲ್ಲುವೆ. "ಬಿತ್ತೇನ್ರಿ ಅತ್ತೆ?" "ಇಲ್ರಿ. ಮಳೀನ." ಹೊರಡುವ ವಾರ ಬಂದರೂ ಅದೇ ಉತ್ತರ. ಗುರುವಾರ ಎಲ್ಲ ಕಂಪ್ಯೂಟರುಗಳೂ ಒಂದಾಗಿ ಶುಕ್ರವಾರ ಹಿಮ ಎಂದವು. ಶುಕ್ರವಾರ ಆಕಾಶ ತೊಳೆದಿಟ್ಟ ತಟ್ಟೆಯಂತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಶನಿವಾರ ಸೂಟ್‌ಕೇಸಿಗೆ ಬೀಗ ಹಾಕುತ್ತಾ ಅತ್ತೆಯವರು, "ಹೋಗ್ಲಿ ಬಿಡ್ರಿ ಅಳಿಯಾರ. ಕೂಸಿನ ಮುಖಾ ನೋಡಿದ್ನೆಲ್ಲ, ಅದs ಬರ್ಫ" ಎಂದರು. ಕೋಪಿಸಿಕೊಂಡಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಸಮಾಧಾನದ ಮಾತು ಕೇಳಿ ನಿಜವಾಗಿಯೂ ಸಂಕಟವಾಯಿತು. ಆರು ತಿಂಗಳು ಆ ಜೀವ ನನ್ನ ಮಗಳಿಗೆ ಎಣ್ಣೆ ನೀರು ಹಾಕಿ, ನನ್ನ ಹೆಂಡತಿಗೆ ಬಿಸಿ ಬಿಸಿ ಬಡಿಸಿ, ಆಸ್ಪತ್ರೆಯ ಪಾಳಿಗೆ ತಕ್ಕಂತೆ ಹೊತ್ತುಗೊತ್ತಿಲ್ಲದೆ ಬರುವ ನನಗೂ ತಟ್ಟೆ ಮುಚ್ಚಿಟ್ಟಿತ್ತು. ಕೇಳಿದ್ದು ಒಂದೇ ಒಂದು, ಅದೂ ನಾನೇ ಆಸೆ ಹುಟ್ಟಿಸಿದ್ದು.

ಭಾನುವಾರ ಬೆಳಿಗ್ಗೆ ಲೀಡ್ಸಿನಲ್ಲಿ ಜಿಟಿಜಿಟಿ ಮಳೆ. ವಿಮಾನ ಮಧ್ಯಾಹ್ನ, ಮ್ಯಾಂಚೆಸ್ಟರಿನಿಂದ. ಫೋರಮ್ಮಿನವರಿಗೆ ಸೋಲೊಪ್ಪಿಕೊಂಡು ನಮಸ್ಕಾರ ಹೇಳೋಣವೆಂದು ಕಂಪ್ಯೂಟರು ತೆರೆದರೆ ಡೆರೆಕ್ ಎಂಬವರ ಸಂದೇಶ ಕಾದಿತ್ತು. ಅವರು ನಿವೃತ್ತ ಸಂಗೀತದ ಮೇಷ್ಟ್ರು. ಲೀಡ್ಸಿನಿಂದ ಮ್ಯಾಂಚೆಸ್ಟರಿಗೆ ಹೋಗುವ ಹೆದ್ದಾರಿ ಬೆಟ್ಟ ಹತ್ತಿ ಇಳಿಯುವ ಕಡೆ, ಬೋಳುಗುಡ್ಡದ ನೆತ್ತಿಯ ಹತ್ತಿರ ಅವರ ಮನೆ. ಅವರು ಬರೆದದ್ದು ಇಷ್ಟೇ: "ನನ್ನ ಗೇಟಿನ ಮುಂದೆ ಬೀಳುತ್ತಿದೆ. ಒಂದು ಗಂಟೆ ಮುಂಚೆ ಹೊರಟು ಜಂಕ್ಷನ್ ಇಪ್ಪತ್ತೆರಡರಲ್ಲಿ ಹೆದ್ದಾರಿಯಿಂದ ಹೊರಬನ್ನಿ. ರಸ್ತೆ ಬದಿಯಲ್ಲಿ ಕಿತ್ತಳೆ ಜಾಕೆಟ್ ಹಾಕಿಕೊಂಡು ನಿಂತಿರುತ್ತೇನೆ. ಬೇಗ, ಇದು ಕರಗದೆ ನೆಲದ ಮೇಲೆ ಕೂರುವ ಜಾತಿ." ನಾನು ಕೂಗಿದ ಕೂಗಿಗೆ ಕೂಸು ಎದ್ದು ಅಳತೊಡಗಿತು. ಅತ್ತೆಯವರ ಲಿಂಗಪೂಜೆ ಮುಗಿಯುವುದನ್ನೇ ಕಾದು, ಎಲ್ಲರನ್ನೂ ಸೂಟ್‌ಕೇಸುಗಳ ಸಂದಿಯಲ್ಲಿ ತುಂಬಿಕೊಂಡು ನಮ್ಮ ಪುಟ್ಟ ಕಾರು ಹೊರಟಿತು. "ಇನ್ನೊಮ್ಮೆ ಮಳಿ ತೋರಿಸಿ ಬರ್ಫ ಅನ್ನಬ್ಯಾಡ್ರಿ" ಎಂದು ಶೈಲಾ ಹಿಂದಿನಿಂದ ಎಚ್ಚರಿಸಿದಳು.

ಹಡರ್ಸ್‌ಫೀಲ್ಡ್ ದಾಟುವವರೆಗೂ ಮಳೆಯೇ. ಆಮೇಲೆ ರಸ್ತೆ ಏರತೊಡಗಿತು. ಗಾಜಿನ ಮೇಲೆ ಬೀಳುತ್ತಿದ್ದ ಹನಿಗಳು ದಪ್ಪವಾಗಿ, ಒಡೆಯದೆ ಅಂಟಿಕೊಳ್ಳತೊಡಗಿದವು. ವೈಪರಿನ ಸದ್ದು ಬದಲಾಯಿತು. ಹೋಗುವ ದಾರಿಗೂ ಬರುವ ದಾರಿಗೂ ನಡುವೆ ಸಿಕ್ಕಿಕೊಂಡು ಒಂದು ರೈತನ ಮನೆಯಿದೆ ಅಲ್ಲಿ. ಅದರ ಮಾಡು ಬೆಳ್ಳಗಿತ್ತು. ಅತ್ತೆಯವರು ಮುಂದಿನ ಸೀಟನ್ನು ಎರಡೂ ಕೈಯಿಂದ ಹಿಡಿದುಕೊಂಡರು. ಇಪ್ಪತ್ತೆರಡರಲ್ಲಿ ಹೊರಬಂದರೆ ಇಡೀ ಗುಡ್ಡವೇ ಬಿಳಿ, ಬಿಳಿಯ ನಡುವೆ ಒಂದು ಕಿತ್ತಳೆ ಜಾಕೆಟ್, ಕೈಯಲ್ಲಿ ಚಹದ ಫ್ಲಾಸ್ಕ್, ತಲೆಯ ಮೇಲೆ ಹಿಮ ಕೂತ ಟೊಪ್ಪಿ. ನಾನು ಧನ್ಯವಾದ ಹೇಳಲು ಬಾಯಿ ತೆರೆಯುವ ಮೊದಲೇ ಡೆರೆಕ್ ಕೇಳಿದ್ದು, "ಮಂಡಿ ಹೇಗಿದೆ?" ಎಂದು. ಅವರ ಊಹೆಯನ್ನು ಹೊಗಳಿದೆ. "ನನ್ನ ಊಹೆ ಜನ್ಮದಲ್ಲಿ ನಿಜವಾಗಿಲ್ಲ. ಎತ್ತರದಲ್ಲಿ ಮನೆ ಮಾಡಿದ್ದೇನೆ, ಅಷ್ಟೇ" ಎಂದರು.

ಅತ್ತೆಯವರು ಸೀರೆಯ ಮೇಲೆ ನನ್ನ ದೊಡ್ಡ ಕೋಟು, ಕಾಲಿಗೆ ಶೈಲಾಳ ಬೂಟು ಹಾಕಿಕೊಂಡು ಇಳಿದು, ಅಂಗೈ ಚಾಚಿ ನಿಂತರು. ಅದರ ಮೇಲೆ ಬಿದ್ದದ್ದು ಕರಗುವವರೆಗೂ ನೋಡಿದರು, ಮತ್ತೊಂದು ಬಿದ್ದದ್ದನ್ನು ನೋಡಿದರು. "ವಿಭೂತಿ ಉದುರಿಸಿಧಂಗ ಐತಲ್ರಿ. ಸಪ್ಪಳಾನ ಇಲ್ಲ" ಎಂದು ಮೆಲ್ಲಗೆ ಹೇಳಿದರು. ಆಮೇಲೆ ಒಂದು ಹಿಡಿ ಎತ್ತಿಕೊಂಡು ಕಾರಿನ ಬಳಿ ಬಂದು, ಹುಟ್ಟಿದಂದಿನಿಂದ ಮೊಮ್ಮಗಳಿಗೆ ತಣ್ಣನೆಯ ಗಾಳಿಯೂ ಸೋಕದಂತೆ ಕಾದವರು, ತಾವೇ ಅವಳ ಕಾಲುಚೀಲ ಬಿಚ್ಚಿ ಅಂಗಾಲಿಗೆ ಒಂದು ಚೂರು ಮುಟ್ಟಿಸಿದರು. ಕೂಸು ಕಿಟಾರನೆ ಚೀರಿತು. "ದೊಡ್ಡಾಕಿ ಆದಮ್ಯಾಲ ಹೇಳ ಅಕಿಗೆ, ಆಯಿ ಹಚ್ಚಿ ಹೋಗ್ಯಾಳ ಅಂತ" ಎಂದು ಆ ಅಜ್ಜಿ ಶೈಲಾಳಿಗೆ ಹೇಳಿದರು. ಶೈಲಾಳೂ ಅತ್ತಳು. ನನಗೆ ಫ್ಲಾಸ್ಕಿನ ಚಹದ ಹಬೆಗೆ ಕನ್ನಡಕ ಮಂಜಾಗಿತ್ತು ಎಂದು ಬೇಕಾದರೆ ಬರೆಯಬಹುದು, ಆದರೆ ನಾನೂ ಅತ್ತೆ.

ಫೋಟೊಕ್ಕೆ ಡೆರೆಕ್ ಪಕ್ಕದಲ್ಲಿ ನಿಲ್ಲಲೇಬೇಕೆಂದು ಅತ್ತೆಯವರ ಹಟ. ಡೆರೆಕ್ ಟೊಪ್ಪಿ ತೆಗೆದು ನೆಟ್ಟಗೆ ನಿಂತರು. ನಾನು ಕಪ್ಪು ಗ್ಲೌಸ್ ಹಾಕಿದ ಕೈಯಲ್ಲೇ ಕಾಯ್ದಿಟ್ಟ ಆ ಕೊನೆಯ ಫೋಟೊ ತೆಗೆದೆ. ವಿಮಾನದಲ್ಲಿ ತಿನ್ನಲು ಕಟ್ಟಿಕೊಂಡಿದ್ದ ಶೇಂಗಾ ಹೋಳಿಗೆ ಅಷ್ಟೂ ಡೆರೆಕ್ ಕೈಗೆ ಹೋಯಿತು. ರಸ್ತೆ ಮುಚ್ಚುವ ಮೊದಲು ಹೊರಡಿ ಎಂದು ಅವರು ಅಟ್ಟಿದರು. ಮ್ಯಾಂಚೆಸ್ಟರಿನ ಕಡೆ ಇಳಿದರೆ ಮತ್ತೆ ಅದೇ ಮಳೆ, ವಿಮಾನ ಹೊತ್ತಿಗೆ ಸರಿಯಾಗಿ ಹಾರಿತು. ಆ ಚಳಿಗಾಲದಲ್ಲಿ ನಮ್ಮ ಬೀದಿದೀಪದ ಕೆಳಗೆ ಕಾರಿನ ಬಾನೆಟ್ಟು ಮುಚ್ಚುವಷ್ಟು ಹಿಮವೂ ಬೀಳಲಿಲ್ಲ. ಮುಖ ನೋಡದ ಒಬ್ಬ ಹೆಂಗಸಿಗಾಗಿ ಒಂದು ತಿಂಗಳು ಆಕಾಶ ನೋಡಿದ ಆ ಜನರನ್ನು ನೆನೆದರೆ ನನಗೆ ಈಗಲೂ ಮನಸ್ಸು ತುಂಬುತ್ತದೆ. ಯಾರ ಭವಿಷ್ಯವೂ ನಿಜವಾಗಲಿಲ್ಲ, ಆದರೂ ಅವರಿಂದಲೇ ನನ್ನ ಮಾತು ಉಳಿಯಿತು.

ಮರುವರ್ಷ ಧಾರವಾಡಕ್ಕೆ ಹೋದಾಗ ಆ ಫೋಟೊ ಕಟ್ಟು ಹಾಕಿಸಿಕೊಂಡು ಪಡಸಾಲೆಯ ನಡುಗೋಡೆಯ ಮೇಲಿತ್ತು. ನಾನು ಅದರ ಕೆಳಗೇ ಕೂತು ಚಹ ಕುಡಿಯುತ್ತಿದ್ದೆ. ಓಣಿಯ ಹಿರಿಯಾಕೆ ಒಬ್ಬರು ಬಂದು, ಕಣ್ಣು ಕಿರಿದು ಮಾಡಿ ನೋಡಿ, "ಇವರ್ಯಾರವ್ವಾ ಬಿಳಿ ಮನಷ್ಯಾ?" ಎಂದರು. "ಬರ್ಫ ತರಿಸಿದವರು" ಎಂದರು ಅತ್ತೆ. "ಮತ್ತ ನಿನ್ನ ಅಳಿಯಾ?" ಅತ್ತೆಯವರು ಬೆರಳಿನಿಂದ ಗಾಜಿನ ಮೂಲೆ ಮುಟ್ಟಿ ತೋರಿಸಿದರು. "ಇಲ್ಲೆ ಮೂಲ್ಯಾಗ ಕರ್ರಗ ದಪ್ಪಗ ಕಾಣತೈತಲ್ಲ, ಇದು ಅವರ ಹೆಬ್ಬೆರಳ. ಭಾಳ ಓಡ್ಯಾಡ್ಯಾರ ಪಾಪ." ಆಕೆ ಫೋಟೊ ನೋಡಿ, ನನ್ನನ್ನು ನೋಡಿ, ಇನ್ನೂ ಅನುಮಾನದಲ್ಲೇ ನಿಂತಿದ್ದರು. ನಾನು ಚಹದ ಕಪ್ಪನ್ನು ಎಡಗೈಗೆ ಬದಲಾಯಿಸಿಕೊಂಡು, ಗುರುತು ಹಿಡಿಯಲು ಅನುಕೂಲವಾಗಲೆಂದು ಬಲಗೈ ಹೆಬ್ಬೆರಳನ್ನು ಎತ್ತಿ ಹಿಡಿದೆ.