ಲೆಕ್ಕಕ್ಕಿಲ್ಲದ ಮಂಡಕ್ಕಿ

ನಿನ್ನೆ ಮಾಡಿದ ಕೆಲಸಗಳನ್ನು ಮೊದಲು ಹೇಳಿಬಿಡುತ್ತೇನೆ. ಬೆಳಗ್ಗೆ ಎದ್ದು ಬೆರಳು ಚುಚ್ಚಿಕೊಂಡು ಸಕ್ಕರೆ ನೋಡಿಕೊಂಡೆ. ನೆನೆಹಾಕಿದ್ದ ಮೆಂತ್ಯದ ನೀರು ಕುಡಿದು ಮುಖ ಕಿವುಚಿದೆ. ನಲ್ಲಿಯಲ್ಲಿ ನೀರು ಬಂತು, ಡ್ರಮ್ಮು ತುಂಬಿಸಿದೆ. ಬಾಗಿಲಿಗೆ ನೀರು ಹಾಕಿದೆ, ರೊಟ್ಟಿ ಬಡಿದೆ, ನಮ್ಮ ಮನೆಯವರ ಕನ್ನಡಕ ಹುಡುಕಿಕೊಟ್ಟೆ. ಅದು ಅವರ ಹಣೆಯ ಮೇಲೇ ಇತ್ತು. ಗೆಳತಿ ಮೆಹರುನ್ನಿಸಾಳನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಪೊರೆ ತೆಗೆಸಿ, ಆಟೋದಲ್ಲಿ ಮನೆಗೆ ಕರೆತಂದೆ. ಬರುವಾಗ ಕೊತ್ತಂಬರಿ ಸೊಪ್ಪು ತಂದೆ.

ಹೀಗೆ ಹೇಳಿದರೆ ಪೊರೆ ತೆಗೆಸುವುದೂ ಕೊತ್ತಂಬರಿ ತರುವುದೂ ಒಂದೇ ತೂಕದ ಕೆಲಸ ಅನ್ನಿಸುತ್ತದೆ. ಹಾಗಲ್ಲ. ಕೊತ್ತಂಬರಿ ಒಂದೇ ಸಲಕ್ಕೆ ಸಿಕ್ಕಿತು. ಪೊರೆಯ ಆಪರೇಷನ್ ಮಾತ್ರ ಎರಡು ಸಲ ಮುಂದಕ್ಕೆ ಹೋಯಿತು, ಎರಡು ಸಲವೂ ಅದರಲ್ಲಿ ನನ್ನ ಅಡುಗೆಮನೆಯ ಕೈವಾಡವಿತ್ತು.

ಸಕ್ಕರೆ ಕಾಯಿಲೆ ಬಂದವರಿಗೆ ಪಥ್ಯಕ್ಕಿಂತ ಪರಿಚಯಸ್ಥರು ಕಷ್ಟ. ಅದರಲ್ಲೂ ದಾವಣಗೆರೆಯಲ್ಲಿ. 'ದೋಸೆ ಬ್ಯಾಡ್ರಿ, ನನಗೆ ಶುಗರ್ ಐತೆ' ಎಂದರೆ, 'ಹೌದಾ ಪಾಪ, ಹಂಗಾದ್ರೆ ಬೆಣ್ಣೆ ಜಾಸ್ತಿ ಹಾಕಿಸ್ತೀನಿ, ಶಕ್ತಿ ಬರ್ತೈತೆ' ಎನ್ನುವ ಊರು ಇದು. ಮದುವೆಯ ಪಂಕ್ತಿಯಲ್ಲಿ ಎಲೆಗೆ ಅಡ್ಡ ಕೈ ಹಿಡಿದರೆ ಕೈಯ ಮೇಲೇ ಹೋಳಿಗೆ ಇಟ್ಟು ಹೋಗುತ್ತಾರೆ. 'ಒಂದಿನಕ್ಕೆ ಏನಾಗಲ್ಲ ತಿನ್ರಿ' ಎಂಬ ಮಾತನ್ನು ಕಂಡುಹಿಡಿದವನು ಯಾರೋ ತಿಳಿಯದು, ಅವನಿಗಂತೂ ಸಕ್ಕರೆ ಕಾಯಿಲೆ ಇದ್ದಿರಲಾರದು. ನನ್ನ ವರ್ಷವೆಲ್ಲ ಅಂಥ ಒಂದೊಂದು ದಿನಗಳಿಂದಲೇ ಆಗಿದೆ.

ಮೆಹರು ಹರಿಹರದವಳು. ನಾವು ದಾವಣಗೆರೆಯ ಎಸ್.ಎಸ್. ಬಡಾವಣೆಗೆ ಬರುವ ಮೊದಲು ಹರಿಹರದಲ್ಲೇ ಇದ್ದೆವು. ಅವಳ ಮನೆ, ನಮ್ಮ ಮನೆ ಒಂದೇ ಗೋಡೆಯ ಆಚೆ ಈಚೆ. ಅವಳ ಗಂಡ ಖಾದರ್ ಭಾಯಿಯದು ಸೈಕಲ್ ಅಂಗಡಿ. ಅವಳು ಮನೆಯಲ್ಲೇ ಕೂತು ಸೀರೆ ಸೆರಗಿಗೆ ಕುಚ್ಚು ಕಟ್ಟುತ್ತಾಳೆ. ನನಗೆ ಸಕ್ಕರೆ ಬಂದ ಸುದ್ದಿ ಕೇಳಿ ಮೊದಲು ಅತ್ತವಳು ಅವಳೇ. ಸ್ವಲ್ಪ ದಿನಕ್ಕೆ ಅವಳಿಗೂ ಬಂತು. 'ಒಬ್ಬಳೇ ಬ್ಯಾಸರ ಮಾಡ್ಕೋಬ್ಯಾಡಕ್ಕ, ನಾನೂ ಬಂದೆ' ಎಂದು ಫೋನು ಮಾಡಿದಳು, ಏನೋ ಇಬ್ಬರೂ ಒಂದೇ ಬಸ್ಸು ಹತ್ತಿದ ಹಾಗೆ.

ನಮ್ಮಿಬ್ಬರ ನಡುವೆ ಒಂದು ಸ್ಟೀಲಿನ ಡಬ್ಬಿ ಓಡಾಡುತ್ತದೆ. ಒಂದು ರಂಜಾನಿಗೆ ಅವಳು ಶಾವಿಗೆಯ ಸುರಕುಂಬ ತುಂಬಿ ಕಳಿಸಿದ್ದು. ತುಂಬಿ ಬಂದ ಡಬ್ಬಿಯನ್ನು ಬರಿದು ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯಾದರೂ ಹಾಕಿ ಕಳಿಸಬೇಕು. ನಾನು ಶೇಂಗಾ ಹೋಳಿಗೆ ಇಟ್ಟು ಕಳಿಸಿದೆ. ಬರಿದು ಕಳಿಸದ ಪದ್ಧತಿ ಅವರಲ್ಲೂ ಇದೆ. ಗಜ್ಜರಿ ಹಲ್ವಾ ಬಂತು. ಕರಿಗಡುಬು ಹೋಯಿತು. ಆ ಡಬ್ಬಿ ಯಾರದು ಎಂಬುದು ಈಗ ಇಬ್ಬರಿಗೂ ಮರೆತುಹೋಗಿದೆ. ಖಾದರ್ ಭಾಯಿ ಸಾಮಾನು ತರಲು ದಾವಣಗೆರೆಗೆ ಬಂದಾಗಲೆಲ್ಲ ಡಬ್ಬಿಯನ್ನು ತಂದು ಕಟ್ಟೆಯ ಮೇಲಿಟ್ಟು, 'ತಗೋರಿ ಅಕ್ಕಾವ್ರೆ, ನಾನು ಬರೀ ಪೋಸ್ಟ್‌ಮ್ಯಾನು. ನನ್ನ ಮ್ಯಾಲೆ ಏನೂ ಹಾಕ್ಬ್ಯಾಡ್ರಿ' ಎನ್ನುತ್ತಿದ್ದರು.

ಹೀಗಿರುವಾಗ ಮೆಹರುವಿನ ಕಣ್ಣಿಗೆ ಪೊರೆ ಬಂತು. ಭಾನುವಳ್ಳಿಯವರೊಬ್ಬರ ಮದುವೆ ಸೀರೆ. ನೀಲಿ ಸೀರೆಗೆ ಹಸಿರು ಕುಚ್ಚು ಕಟ್ಟಿ ಕೊಟ್ಟಿದ್ದಳು. ಹುಡುಗಿಯ ತಾಯಿ ಸೀರೆ ಹಿಡಿದುಕೊಂಡೇ ಬಂದರಂತೆ.

'ಏನಮ್ಮಾ ಇದು? ನೀಲಿ ಕಟ್ಟು ಅಂದಿದ್ದಕ್ಕೆ ಹಸಿರು ಕಟ್ಟೀಯಲ್ಲ?'

'ಈಗ ಹಂಗೇ ಕಟ್ಟಿಸ್ಕೊಂತಾರ್ರಿ, ಫ್ಯಾಷನ್ನು' ಎಂದು ಮೆಹರು ದಬಾಯಿಸಿ ಕಳಿಸಿದಳಂತೆ. ಇದನ್ನು ಹೇಳಿ ಬಿದ್ದು ಬಿದ್ದು ನಕ್ಕಳು. ನಗು ನಿಂತ ಮೇಲೆ ಮೆಲ್ಲಗೆ, 'ನನಗೆ ಅದು ನೀಲಿನೇ ಕಾಣ್ತಿತ್ತಕ್ಕ' ಅಂದಳು. ಆ ಮೇಲೆ ಅವಳು ಹೊಸ ಸೀರೆ ಯಾವುದನ್ನೂ ಒಪ್ಪಿಕೊಳ್ಳಲಿಲ್ಲ. ಕೈ ಸುಮ್ಮನಿರಿಸಿ ಗೊತ್ತಿಲ್ಲದ ಹೆಂಗಸು. ಹಳೆಯ ದುಪಟ್ಟಾದ ಅಂಚಿಗೆ ಗಂಟು ಹಾಕುವುದು, ಬಿಚ್ಚುವುದು, ಮತ್ತೆ ಹಾಕುವುದು.

ಆಸ್ಪತ್ರೆ ಇರುವುದು ದಾವಣಗೆರೆಯಲ್ಲಿ, ಹಾಗಾಗಿ ಕರೆದುಕೊಂಡು ಹೋಗುವ ಕೆಲಸ ನನ್ನದಾಯಿತು. ಡಾಕ್ಟರಮ್ಮ ನಮ್ಮ ಕಡೆಯವರೇ, ಮಾತು ಚುರುಕು. ರಕ್ತದ ರಿಪೋರ್ಟ್ ನೋಡಿ, 'ಈ ಸಕ್ಕರೆ ಇಟ್ಕೊಂಡು ಕಣ್ಣು ಮುಟ್ಟಾಕಾಗಲ್ಲ. ಗಾಯ ಮಾಯಲ್ಲ, ಕೀವು ಆದ್ರೆ ಕಣ್ಣೇ ಹೋಗ್ತೈತೆ. ಇಳಿಸ್ಕೊಂಡು ಬರ್ರಿ' ಎಂದು ಕಳಿಸಿದರು. ಅದು ಮೊದಲನೇ ಸಲ. ಹಿಂದಿನ ವಾರ ಹೋದ ಡಬ್ಬಿಯಲ್ಲಿ ಏನಿತ್ತು ಎಂದು ನನಗೆ ಗೊತ್ತಿತ್ತು. ಹೂರಣಗಡುಬು. ಬಸ್‌ಸ್ಟ್ಯಾಂಡಿನವರೆಗೂ ಅವಳ ಕೈಚೀಲ ನಾನೇ ಹೊತ್ತೆ.

ಅವತ್ತೇ ಇಬ್ಬರೂ ಪ್ರತಿಜ್ಞೆ ಮಾಡಿದೆವು. ಸಿಹಿ ಬಂದ್. ಅನ್ನ ಬಂದ್. ರಾತ್ರಿ ಊಟವೇ ಬಂದ್. ಆದರೆ ಡಬ್ಬಿ? ಬರಿದು ಕಳಿಸುವುದಕ್ಕೆ ಕೈ ಬರಲಿಲ್ಲ. ಬಹಳ ಯೋಚನೆ ಮಾಡಿ, ಯಾರಿಗೂ ಯಾವ ಅಪಾಯವನ್ನೂ ಮಾಡದ ಪದಾರ್ಥವೊಂದನ್ನು ಆರಿಸಿದೆ. ಮಂಡಕ್ಕಿ. ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ ಹಾಕಿ, ಅರಿಸಿನ ಸವರಿ, ಮೇಲೆ ಹುರಿಗಡಲೆ ಪುಡಿ ಉದುರಿಸಿ, ಒತ್ತಿ ಒತ್ತಿ ತುಂಬಿ ಕಳಿಸಿದೆ. ಅವಳೂ ಅದನ್ನೇ ತುಂಬಿ ಕಳಿಸಿದಳು.

ಮಂಡಕ್ಕಿಯ ಬಗ್ಗೆ ನಮ್ಮೂರಿನವರ ಅಭಿಪ್ರಾಯವನ್ನು ಇಲ್ಲಿ ಹೇಳಬೇಕು. ನಮ್ಮಲ್ಲಿ ಅದು ಆಹಾರವಲ್ಲ, ಮಾತಿಗೆ ಜೊತೆ. ಮನೆಗೆ ಬಂದವರು 'ಹೊಟ್ಟೆ ತುಂಬೈತ್ರಿ, ಏನೂ ಬ್ಯಾಡ' ಎಂದರೆ 'ಹಂಗಾದ್ರೆ ಮಂಡಕ್ಕಿ ತಿನ್ರಿ' ಎನ್ನುತ್ತೇವೆ, ಅವರೂ ತಿನ್ನುತ್ತಾರೆ. ಎರಡು ಮಾತಿಗೂ ವಿರೋಧವಿಲ್ಲ. ಉಪವಾಸ ಎಂದು ಹೇಳಿಕೊಂಡು ಪೇಪರಿನ ಮೇಲೆ ಹರವಿದ ಮಂಡಕ್ಕಿಗೆ ಕೈ ಹಾಕುವವರನ್ನು ನಾನು ಕಂಡಿದ್ದೇನೆ. ಹಿಡಿ ತುಂಬ ಎತ್ತಿದರೂ ಭಾರವಿಲ್ಲ. ಫ್ಯಾನ್ ಹಾಕಿದರೆ ಹಾರಿಹೋಗುತ್ತದೆ. ಹಾರಿಹೋಗುವುದನ್ನು ಊಟ ಎಂದು ಹೇಗೆ ಕರೆಯುವುದು? ನಾನಂತೂ ದಿನಾ ಸಂಜೆ ವಾಕಿಂಗ್ ಹೋಗಿ ಬಂದು ಒಂದು ದೊಡ್ಡ ಬೋಗುಣಿ ಮಂಡಕ್ಕಿ ತಿಂದು, ಊಟ ಬಿಟ್ಟಿದ್ದೇನೆಂಬ ಹೆಮ್ಮೆಯಲ್ಲಿ ಮಲಗುತ್ತಿದ್ದೆ. ಅತ್ತ ಹರಿಹರದಲ್ಲಿ ಅವಳೂ ಅದೇ ಹೆಮ್ಮೆಯಲ್ಲಿದ್ದಳು.

ಎರಡನೇ ಸಲ ಹೋದಾಗ ಡಾಕ್ಟರಮ್ಮ ರಿಪೋರ್ಟನ್ನು ಒಮ್ಮೆ, ನಮ್ಮನ್ನು ಒಮ್ಮೆ ನೋಡಿದರು.

'ಏನ್ರಿ ಮೆಹರುನ್ನಿಸಾ, ಸಿಹಿ ಬಿಟ್ಟೀರಿ?'

'ಖುದಾ ಕಸಮ್, ಮುಟ್ಟಿಲ್ರಿ.'

'ಅನ್ನ?'

'ಮುಖನೂ ನೋಡಿಲ್ರಿ.'

'ರಾತ್ರಿ ಏನ್ ತಿಂತೀರಿ?'

'ಏನೂ ಇಲ್ರಿ.'

'ಏನೂ ಇಲ್ಲ ಅಂದ್ರೆ?'

'ಏನೂ ಇಲ್ಲ ಅಂದ್ರೆ ಏನೂ ಇಲ್ರಿ. ಮಂಡಕ್ಕಿ ಅಷ್ಟೇ.'

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. 'ಎಷ್ಟು?'

ಮೆಹರು ಎರಡೂ ಕೈಯಲ್ಲಿ ಗಾಳಿಯಲ್ಲೊಂದು ಬುಟ್ಟಿ ಮಾಡಿ ತೋರಿಸಿದಳು. ತೋರಿಸಿದ ಮೇಲೆ ಜಾಸ್ತಿಯಾಯಿತೇನೋ ಎಂದು ಕೈಗಳನ್ನು ಸ್ವಲ್ಪ ಹತ್ತಿರ ತಂದಳು.

'ಮಂಡಕ್ಕಿ ಯಾವುದ್ರಿಂದ ಮಾಡ್ತಾರೆ?'

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಮಂಡಕ್ಕಿ ಭಟ್ಟಿಗಳ ಮುಂದೆ ಎಷ್ಟೋ ಸಲ ಓಡಾಡಿದ್ದೇವೆ. ಅಕ್ಕಿ ಮೂಟೆ ಒಳಗೆ ಹೋಗುವುದನ್ನೂ ಮಂಡಕ್ಕಿ ಚೀಲ ಹೊರಗೆ ಬರುವುದನ್ನೂ ಕಣ್ಣಾರೆ ಕಂಡಿದ್ದೇವೆ. ಎರಡಕ್ಕೂ ಸಂಬಂಧವಿದೆ ಎಂದು ಮಾತ್ರ ಹೊಳೆದಿರಲಿಲ್ಲ. ಪೊರೆ ಅವಳೊಬ್ಬಳಿಗೇ ಬಂದದ್ದಲ್ಲ ಅನ್ನಿಸಿತು.

'ಅಕ್ಕಿಯಿಂದ್ರಿ' ಎಂದೆ ನಾನು, ಶಾಲೆಯಲ್ಲಿ ಎದ್ದು ನಿಂತವಳಂತೆ.

'ಅಕ್ಕಿ ಹೌದ್ರಿ' ಎಂದು ಮೆಹರು ಇನ್ನೂ ಬಿಡಲಿಲ್ಲ. 'ಆದ್ರೆ ಒಳಗೆ ಬರೀ ಗಾಳಿ ಐತಲ್ರಿ?'

ಡಾಕ್ಟರಮ್ಮನಿಗೆ ನಗು ಬಂತು. ಆದರೂ ತಡೆದುಕೊಂಡು ಹೇಳಿದರು: 'ಗಾಳಿ ಹೊರಗೆ ಹೋಗ್ತೈತೆ, ಅಕ್ಕಿ ಒಳಗೇ ಉಳೀತೈತೆ. ಅನ್ನಕ್ಕಿಂತ ಬೇಗ ಸಕ್ಕರೆ ಏರಿಸ್ತೈತಮ್ಮ ಅದು. ಇನ್ನೂ ತಡ ಆದ್ರೆ ಪೊರೆ ಗಟ್ಟಿಯಾಗ್ತೈತೆ, ತೆಗೆಯೋದು ಕಷ್ಟ. ಇದೇ ಕೊನೇ ಸಲ ಹೇಳೋದು.'

ಹೊರಗೆ ಬೆಂಚಿನ ಮೇಲೆ ಕೂತೆವು. ಮೆಹರು ದುಪಟ್ಟಾದ ಅಂಚಿಗೆ ಒಂದು ಗಂಟು ಹಾಕಿದಳು, ಬಿಚ್ಚಿದಳು. ಆಮೇಲೆ, 'ಅಕ್ಕ, ಸಿಟ್ಟು ಮಾಡ್ಕೋಬ್ಯಾಡ. ಇನ್ಮುಂದೆ ಡಬ್ಬಿ ಖಾಲಿ ಕಳ್ಸು' ಎಂದಳು. ಸಿಟ್ಟು ಬರಲಿಲ್ಲ, ಬೇಜಾರಾಯಿತು. ಯಾರಾದರೂ ನಿನ್ನ ಮನೆಗೆ ಬರುವುದಿಲ್ಲ ಎಂದರೆ ಹೇಗೋ ಸಹಿಸಬಹುದು, ನಿನ್ನ ಕೈಯಡುಗೆ ಕಳಿಸಬೇಡ ಎಂದರೆ ನನ್ನಂಥವಳ ಹತ್ತಿರ ಕೊಡುವುದಕ್ಕೆ ಇನ್ನೇನು ಉಳಿಯುತ್ತದೆ?

ಮುಂದಿನ ವಾರ ಡಬ್ಬಿ ತೊಳೆದು, ಒರೆಸಿ, ಖಾದರ್ ಭಾಯಿಯ ಕೈಗೆ ಬರಿದೇ ಕೊಟ್ಟೆ. ಅವರು ಅಲ್ಲಾಡಿಸಿ ನೋಡಿ, 'ಜಗಳಾ ಆಡಿದ್ರೇನ್ರಿ ಇಬ್ರೂ?' ಎಂದು ಗಾಬರಿಯಾದರು. ಇಲ್ಲ ಎಂದರೂ ನಂಬಲಿಲ್ಲ. ಹರಿಹರಕ್ಕೆ ಹೋಗಿ ಹೆಂಡತಿಗೆ, 'ಮಾಫ್ ಕೇಳು ಅಕ್ಕಾವ್ರನ್ನ' ಎಂದು ಬುದ್ಧಿ ಹೇಳಿದರಂತೆ. ಡಬ್ಬಿ ವಾಪಸ್ ಬಂದಾಗ ಅದರಲ್ಲಿ ಹಾಗಲಕಾಯಿ ಇತ್ತು, ಕೊಂಡಜ್ಜಿ ಹಳ್ಳಿಯ ಕಡೆಯಿಂದ ಮಾರಲು ಬಂದವರ ಹತ್ತಿರ ಕೊಂಡದ್ದಂತೆ. ಪದ್ಧತಿ ಬಿಡಲು ಅವಳಿಂದಲೂ ಆಗಿರಲಿಲ್ಲ. ನಾನು ನುಗ್ಗೆಸೊಪ್ಪು ಕಳಿಸಿದೆ. ಆ ಮೇಲೆ ನಮ್ಮ ಸ್ನೇಹ ಪೂರ್ತಿ ಕಹಿಯಲ್ಲೇ ನಡೆಯಿತು. ನಮ್ಮ ಮನೆಯವರು ತಟ್ಟೆ ನೋಡಿ, 'ಸಕ್ಕರೆ ಇರೋದು ನಿಮಗೆ, ಶಿಕ್ಷೆ ನನಗ್ಯಾಕೆ?' ಎಂದು ಸಂಜೆ ವಾಕಿಂಗಿನ ದೂರ ಹೆಚ್ಚಿಸಿಕೊಂಡರು. ವಾಪಸ್ ಬಂದಾಗ ಮೀಸೆಯಲ್ಲಿ ಮಿರ್ಚಿ ಬಜ್ಜಿಯ ವಾಸನೆ ಇರುತ್ತಿತ್ತು.

ಸಕ್ಕರೆ ಇಳಿಯಿತು. ನಿನ್ನೆ ಆಪರೇಷನ್ ಆಯಿತು. ಹೊರಗೆ ಕೂತಿದ್ದಷ್ಟು ಹೊತ್ತೂ ಖಾದರ್ ಭಾಯಿ ಜಪಮಣಿ ಎಣಿಸುತ್ತಿದ್ದರು, ನಾನು ಸೀರೆಯ ಸೆರಗಿನ ಕುಚ್ಚು ಎಳೆಯುತ್ತಿದ್ದೆ. ಅದನ್ನು ಕಟ್ಟಿದವಳು ಒಳಗಿದ್ದಳು. ಡಾಕ್ಟರಮ್ಮ ಹೊರಬಂದು 'ಚೆನ್ನಾಗಾಯ್ತು' ಎಂದಾಗ ಅವರು ಜಪಮಣಿಯನ್ನು ಕಿಸೆಗೆ ಹಾಕಿದರು, ನಾನು ಕುಚ್ಚು ಬಿಟ್ಟೆ. ಬೆಳಗ್ಗೆ ಪಟ್ಟಿ ಬಿಚ್ಚಿಸಬೇಕಿದ್ದರಿಂದ ರಾತ್ರಿ ಮೆಹರು ನಮ್ಮಲ್ಲೇ ಉಳಿದಳು. ನಿದ್ದೆಗಣ್ಣಲ್ಲಿ ಕಣ್ಣು ಉಜ್ಜದಂತೆ, ಆ ಮಗ್ಗುಲಿಗೆ ಹೊರಳದಂತೆ ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ಖಾದರ್ ಭಾಯಿಗೆ, 'ನೀವು ಅರಾಮ ಹೋಗ್ರಿ, ನಾನು ರೆಪ್ಪೆ ಮುಚ್ಚಲ್ಲ' ಎಂದು ಮಾತು ಕೊಟ್ಟು ಕಳಿಸಿದೆ.

ಊಟಕ್ಕೆ ಕೂತಾಗ ನನಗೊಂದು ಯೋಚನೆ ಬಂತು. 'ಹೆಂಗೂ ಆಪರೇಷನ್ ಆಯ್ತಲ್ಲ ಮೆಹರು. ಒಂದೇ ಒಂದು ಹಿಡಿ ಮಂಡಕ್ಕಿ ಒಗ್ಗರಣೆ ಹಾಕ್ಲಾ? ಒಂದಿನಕ್ಕೆ ಏನಾಗಲ್ಲ.'

ಪಟ್ಟಿ ಕಟ್ಟದ ಕಣ್ಣಿನಿಂದ ಅವಳು ನನ್ನನ್ನು ನೋಡಿದಳು. 'ಇನ್ನೊಂದು ಕಣ್ಣು ಬಾಕಿ ಐತಕ್ಕ' ಎಂದಳು.

ಹಾಗಾಗಿ ನಿನ್ನೆ ರಾತ್ರಿ ತಿಂದದ್ದು: ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಸೌತೆಕಾಯಿ, ಕೊತ್ತಂಬರಿ ಹಾಕಿದ ಮಜ್ಜಿಗೆ. ನಮ್ಮ ಮನೆಯವರು ಹಸಿವಿಲ್ಲ ಎಂದು ಅರ್ಧ ರೊಟ್ಟಿ ತಿಂದರು. ಯಾಕೆಂದು ಯಾರೂ ಕೇಳಲಿಲ್ಲ. ಮೆಹರುವನ್ನು ಮಲಗಿಸಿ, ತಲೆಯ ಎರಡೂ ಕಡೆ ದಿಂಬು ಒತ್ತಿಟ್ಟು, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕಾವಲಿಗೆ ಕೂತೆ. ಮೊದಲು ಮಲಗಿದವಳು ನಾನೇ ಎಂದು ಇವತ್ತು ಬೆಳಗ್ಗೆ ಗೊತ್ತಾಯಿತು. ಗೊರಕೆಯ ಸದ್ದಿಗೆ ನಮ್ಮ ಮನೆಯವರು ಎದ್ದು ಬಂದು ನೋಡಿದಾಗ, ಒಂದೇ ಕಣ್ಣಿನ ರೋಗಿ ಎದ್ದು ಕೂತು ನನಗೆ ಹೊದಿಕೆ ಹೊದಿಸುತ್ತಿದ್ದಳಂತೆ.