ಮಾವನ ಬಿಯರಿನಲ್ಲಿ ಅಳಿಯನ ಚಹಾ

ಓಕೊ ಹಾರ್ಮ್ಸ್ ಮೇಲೆ ಅವನ ಮಾವ ಪಂಕ್ರಾಟ್ಸ್ ಅವರಿಗಿದ್ದ ಸಿಟ್ಟಿಗೆ ಸರಿಯಾದ ಅಳತೆಯೇ ಇತ್ತು: ಹನ್ನೊಂದು ಬಟ್ಟಲು ಚಹಾ.

ಇಪ್ಪತ್ಮೂರು ವರ್ಷದ ಹಿಂದೆ ಮಗಳು ರೇಸಿಯ ಮದುವೆಯ ಮಾತುಕತೆಗೆಂದು ಮಾವ ತಮ್ಮೂರು ಬಾಂಬೆರ್ಗಿನಲ್ಲಿ ರೈಲು ಹತ್ತಿ, ಉತ್ತರ ಸಮುದ್ರದ ದಂಡೆಯಲ್ಲಿದ್ದ ಓಕೊನ ತಾಯಿಯ ಮನೆಗೆ ಹೋಗಿದ್ದರು. ಆ ಸೀಮೆಯವರಿಗೆ ಚಹಾ ಎಂದರೆ ಪ್ರಾಣ. ತೆಳ್ಳನೆಯ ಪುಟ್ಟ ಬಟ್ಟಲಿಗೆ ಕಲ್ಲುಸಕ್ಕರೆ ಹಾಕಿ, ಮೇಲೆ ಚಹಾ ಸುರಿದು, ಅಂಚಿನಿಂದ ಕೆನೆ ಬಿಟ್ಟು ಕೊಡುತ್ತಾರೆ. ಸಾಕು ಅನ್ನಿಸಿದವರು ಚಮಚವನ್ನು ಖಾಲಿ ಬಟ್ಟಲೊಳಗೆ ಇಡಬೇಕು. ಇಡುವವರೆಗೂ ಮನೆಯಾಕೆ ಸುರಿಯುತ್ತಲೇ ಇರುತ್ತಾಳೆ. ಇದನ್ನು ಮಾವನಿಗೆ ಯಾರೂ ಹೇಳಿರಲಿಲ್ಲ (ಹೇಳಬೇಕಾದವನು ಓಕೊ, ಅವನು ಆಗ ರೇಸಿಯ ಮುಖ ನೋಡುತ್ತ ಕೂತಿದ್ದ). ಬೀಗರ ಮನೆಯಲ್ಲಿ ಕೊಟ್ಟದ್ದನ್ನು ಬಿಡಬಾರದೆಂದು ಮಾವ ಕುಡಿದರು. ಕುಡಿದದ್ದನ್ನು ಕಂಡು ಬೀಗಿತ್ತಿ ಸುರಿದರು. ಹನ್ನೊಂದನೆಯ ಬಟ್ಟಲಿಗೆ ಚಹಾದ ಪಾತ್ರೆಯೇ ಸೋತು ಕೂತಿತು. ವಾಪಸು ಬರುವ ರೈಲಿನಲ್ಲಿ ಮಾವ ತಮ್ಮ ಸೀಟಿನಲ್ಲಿ ಕೂತದ್ದಕ್ಕಿಂತ ಎದ್ದು ಹೋದದ್ದೇ ಹೆಚ್ಚು.

ಇಷ್ಟು ಸಾಲದೆಂಬಂತೆ ಓಕೊನ ತಾಯಿ, ಇಂಥ ಚಹಾಪ್ರಿಯ ಬೀಗರು ಸಿಕ್ಕರಲ್ಲ ಎಂಬ ಸಂತೋಷಕ್ಕೆ, ಗುಲಾಬಿ ಚಿತ್ತಾರದ ಆರು ಬಟ್ಟಲು ಉಡುಗೊರೆ ಕಳಿಸಿದರು. ಅವು ಮಾವನ ಗಾಜಿನ ಬೀರುವಿನಲ್ಲಿ ಅವತ್ತಿನಿಂದ ಇವತ್ತಿನವರೆಗೆ ಒಂದು ಹನಿ ಚಹಾ ಕಾಣದೆ ಕೂತಿದ್ದವು. ಅಳಿಯನನ್ನು ಯಾರಿಗಾದರೂ ಪರಿಚಯಿಸುವಾಗ ಮಾವ ಹೇಳುತ್ತಿದ್ದದ್ದು ಒಂದೇ ಮಾತು. "ಇವನು ನಮ್ಮ ಅಳಿಯ. ಚಮಚದ ವಿಷಯ ಮುಚ್ಚಿಟ್ಟವನು."

ಮಾವ ಬಿಯರಿನ ಮನುಷ್ಯ, ಅದರಲ್ಲೂ ಹೊಗೆಯ ಬಿಯರಿನ ಮನುಷ್ಯ. ಬಾರ್ಲಿಯನ್ನು ಮೊಳಕೆ ಬರಿಸಿ, ಬೀಚ್ ಮರದ ಸೌದೆಯ ಹೊಗೆಯಲ್ಲಿ ಒಣಗಿಸುವ ಒಲೆಯ ಮುಂದೆ ನಲವತ್ತು ವರ್ಷ ದುಡಿದವರು. ನಿವೃತ್ತಿಯಾಗಿ ಹದಿನೈದು ವರ್ಷವಾದರೂ ಅವರ ಕೋಟಿನಿಂದ ಮಾಂಸ ಒಣಹಾಕಿದ ಅಟ್ಟದ ವಾಸನೆ ಹೋಗಿರಲಿಲ್ಲ. ಹಾಗೆ ಹೊಗೆ ಕುಡಿದ ಬಾರ್ಲಿಯಿಂದ, ಅಂದರೆ ಮಾಲ್ಟಿನಿಂದ, ಮಾಡಿದ ಲಾಗರ್ ಬಿಯರನ್ನು ಹೊರಗಿನವರು ಮೊದಲ ಗುಟುಕಿಗೇ ಮುಖ ಕಿವುಚಿ ಕೆಳಗಿಡುತ್ತಾರೆ. ಅದಕ್ಕೇ ಮಾವನ ಮೇಜಿನಲ್ಲಿ ಒಂದು ಕಾನೂನಿತ್ತು: ಮೂರು ಸೈಡ್ಲ, ಎಂದರೆ ಮೂರು ಅರ್ಧ ಲೀಟರ್ ಗ್ಲಾಸು, ಹೊಟ್ಟೆಗಿಳಿಸದೆ ಯಾರೂ ಅಭಿಪ್ರಾಯ ಹೇಳಕೂಡದು. ಬಾಂಬೆರ್ಗಿಗೆ ಬಂದು ಇಪ್ಪತ್ಮೂರು ವರ್ಷವಾಗಿದ್ದ ಓಕೊ ಇನ್ನೂ ಮೊದಲನೆಯದನ್ನೇ ಮುಗಿಸಿರಲಿಲ್ಲ. ಆದ್ದರಿಂದ ಆ ಮೇಜಿನಲ್ಲಿ ಅವನಿಗೆ ಅಭಿಪ್ರಾಯವೇ ಇರಲಿಲ್ಲ.

ಹೀಗಿರುವಾಗ ಮಾವನಿಗೆ ಎಂಬತ್ತು ತುಂಬುವ ವರ್ಷ ಬಂತು. ಪ್ರತಿವರ್ಷ ಹುಟ್ಟುಹಬ್ಬದ ಬಿಯರನ್ನು ತಾವೇ ಕಾಯಿಸುತ್ತಿದ್ದವರಿಗೆ ಈ ಸಲ ಕೈ ನಡುಗುತ್ತಿತ್ತು. ಮಾರ್ಚ್ ತಿಂಗಳ ಒಂದು ದಿನ ಓಕೊನನ್ನು ಕರೆಸಿ, ತಮ್ಮ ಹಳೆಯ ಒಲೆಯಿಂದಲೇ ತರಿಸಿದ್ದ ಹೊಗೆ ಮಾಲ್ಟಿನ ಒಂದು ಚೀಲವನ್ನು ಅವನ ತೋಳಿಗೆ ಹಾಕಿದರು. ಹಾಕುವಾಗ ಹಸುಗೂಸನ್ನು ಕೊಡುವ ಹಾಗೆ ಕೆಳಗೆ ಕೈಯಾನಿಸಿಯೇ ಕೊಟ್ಟರು.

"ಮಾಡೋಕೆ ಆಗುತ್ತೇನಪ್ಪ?"

"ಆಗುತ್ತೆ ಮಾವ."

"ಹಾಳು ಮಾಡಿದ್ರೆ ಹುಟ್ಟುಹಬ್ಬಕ್ಕೆ ಬರೋದೇನೂ ಬೇಡ. ಮನೇಲೇ ಚಹಾ ಕುಡ್ಕೊಂಡು ಇರು."

ಓಕೊನಿಗೆ ಆ ದಿನ ಎದೆ ತುಂಬಿ ಬಂದಿತ್ತು. ಇಷ್ಟು ವರ್ಷದಲ್ಲಿ ಮಾವ ಅವನ ಕೈಗೆ ನಂಬಿ ಕೊಟ್ಟ ಮೊದಲ ವಸ್ತು ಅದು (ಮಗಳನ್ನು ಬಿಟ್ಟರೆ, ಅದೂ ನಂಬಿ ಕೊಟ್ಟದ್ದಲ್ಲ, ಅವಳು ಹಟ ಹಿಡಿದದ್ದಕ್ಕೆ ಕೊಟ್ಟದ್ದು). ಇದೊಂದನ್ನು ಸರಿಯಾಗಿ ಮಾಡಿಬಿಟ್ಟರೆ ಚಮಚದ ಪಾಪ ಕಳೆದೀತೆಂದು ಅವನ ಆಸೆ.

ಜಾಗ್ರತೆಯ ಮನುಷ್ಯನಾದ್ದರಿಂದ ಅವನು ಮೊದಲು ಕೈ ಪಳಗಿಸಿಕೊಳ್ಳಲು ಒಂದು ಚೀಲ ಸಾದಾ ಮಾಲ್ಟ್ ತಂದ. ಇಲಿಗಳ ಕಾಟಕ್ಕೆ ಎರಡನ್ನೂ ಹಿತ್ತಲ ಕೊಟ್ಟಿಗೆಯ ಎರಡು ತಗಡಿನ ಡಬ್ಬಿಗಳಿಗೆ ಸುರಿದು ಮುಚ್ಚಳ ಹಾಕಿದ. ಡಬ್ಬಿಗಳು ಅವಳಿಜವಳಿ. ಯಾವುದು ಯಾವುದೆಂದು ಮೂಗೇ ಹೇಳುತ್ತದಲ್ಲ, ಚೀಟಿ ಯಾಕೆ ಎಂದುಕೊಂಡ. ಮರುವಾರ ಅವನಿಗೆ ನೆಗಡಿಯಾಯಿತು. ಅಂತಿಂಥ ನೆಗಡಿಯಲ್ಲ, ಮೂಗೆಂಬ ಇಂದ್ರಿಯವೇ ರಜೆ ಹಾಕಿ ಹೋದಂಥ ನೆಗಡಿ. ಅದೇ ಸ್ಥಿತಿಯಲ್ಲಿ ಅವನು ಪಳಗುವುದಕ್ಕೆ ಬಿಯರಿನ ಒಂದು ಚಿಕ್ಕ ಅಡುಗೆ ಮಾಡಿ ಚೆಲ್ಲಿದ, ಆಮೇಲೆ ಹುಟ್ಟುಹಬ್ಬದ ದೊಡ್ಡ ಅಡುಗೆ ಮಾಡಿದ, ಪೀಪಾಯಿಗೆ ತುಂಬಿ ತಂಪಿಗಿಟ್ಟ, ಉಳಿದ ಡಬ್ಬಿಯ ಮಾಲ್ಟನ್ನು ದಿನಾ ಇಷ್ಟಿಷ್ಟು ಕೋಳಿಗಳಿಗೆ ಹಾಕಿದ. ಕೋಳಿಗಳು ಹಿಂದೆಂದೂ ಇಲ್ಲದ ಉತ್ಸಾಹದಲ್ಲಿ ತಿಂದವು. ಈ ಸಲದ ಮೊಟ್ಟೆ ಬಹಳ ರುಚಿಯಾಗಿವೆ ಎಂದು ರೇಸಿಯೂ ಹೊಗಳಿದಳು. ಪ್ರತಿ ಶನಿವಾರದಂತೆ ಓಕೊ ಒಂದು ಡಜನ್ ಮೊಟ್ಟೆಯನ್ನು ಮಾವನ ಮನೆಗೂ ಕೊಟ್ಟು ಬಂದ.

ಹುಟ್ಟುಹಬ್ಬಕ್ಕೆ ಒಂಬತ್ತು ದಿನವಿರುವಾಗ ಪೀಪಾಯಿಯಿಂದ ಒಂದು ಲೋಟ ಬಿಟ್ಟು ರುಚಿ ನೋಡಿದ. ಬಿಯರೇನೋ ಬಂಗಾರದ ಬಣ್ಣಕ್ಕೆ ಬಂದಿತ್ತು, ತಿಳಿಯಾಗಿತ್ತು, ಹಿತವಾಗಿತ್ತು. ಹೊಗೆ ಮಾತ್ರ ಇರಲಿಲ್ಲ. ಓಕೊ ಕೋಳಿಗಳಿಗೆ ಹಾಕುತ್ತಿದ್ದ ಡಬ್ಬಿಯ ಹತ್ತಿರ ಓಡಿ ಹೋಗಿ, ತಳದಲ್ಲಿ ಉಳಿದಿದ್ದ ನಾಲ್ಕು ಕಾಳು ಮೂಸಿದ. ಮಾವನ ಕೋಟನ್ನೇ ಮೂಸಿದ ಹಾಗಾಯಿತು. ಹೊರಗೆ ಏಳು ಕೋಳಿಗಳು ಇನ್ನಷ್ಟು ಬೇಕೆಂದು ಕತ್ತೆತ್ತಿ ನಿಂತಿದ್ದವು.

ಹೊಸದಾಗಿ ಕಾಯಿಸೋಣವೆಂದರೆ ಲಾಗರ್ ಪಕ್ವವಾಗಲು ವಾರಗಟ್ಟಲೆ ಬೇಕು. ಊರಿನಲ್ಲಿ ಹೊಗೆ ಮಾಲ್ಟ್ ಕೇಳಲು ಹೋದರೆ ಸಂಜೆಯೊಳಗೆ ಮಾವನ ಕಿವಿಗೆ ಬೀಳುತ್ತದೆ. ಕೊಟ್ಟಿಗೆಯಲ್ಲಿ ಬಕೆಟ್ ಬೋರಲು ಹಾಕಿ ಕೂತು ಯೋಚಿಸುತ್ತಿದ್ದಾಗ, ತನ್ನ ಅಕ್ಕ ಊರಿಂದ ಕಳಿಸಿದ್ದ ಒಂದು ಡಬ್ಬಿ ನೆನಪಾಯಿತು. ಚೀನಾದವರು ಪೈನ್ ಮರದ ಹೊಗೆಯಲ್ಲಿ ಒಣಗಿಸುವ ಕರಿ ಚಹಾ ಅದು. ರೇಸಿ ಅದರ ವಾಸನೆ ತಾಳದೆ ಅದನ್ನು ಬೂಟು ಪಾಲಿಶಿನ ಪಕ್ಕಕ್ಕೆ ಗಡೀಪಾರು ಮಾಡಿದ್ದಳು.

ಬಿಯರಿಗೆ ಚಹಾ. ಯೋಚನೆ ಬಂದದ್ದಕ್ಕೇ ಓಕೊನ ಮೈ ಬೆವರಿತು. ಬಾರ್ಲಿ, ಹಾಪ್ಸ್ ಎಂಬ ಕಹಿ ಹೂ, ನೀರು, ಯೀಸ್ಟ್, ಈ ನಾಲ್ಕರ ಹೊರತು ಐದನೆಯದು ಬಿಯರಿಗೆ ಬೀಳಕೂಡದೆಂಬ ಕಟ್ಟಳೆ ಆ ನಾಡಿನಲ್ಲಿ ಐನೂರು ವರ್ಷದ್ದು. ಅದಕ್ಕೆ ಚಹಾ ಹಾಕುವುದು, ಅದೂ ಈ ಮಾವನ ಬಿಯರಿಗೆ, ಅದೂ ಆ ಹನ್ನೊಂದು ಬಟ್ಟಲಿನ ಮೇಲೆ! ಆದರೆ ಬೇರೆ ದಾರಿ ಇರಲಿಲ್ಲ. ಚಹಾದ ಸೊಪ್ಪನ್ನು ತೆಳ್ಳನೆಯ ಚೀಲವೊಂದಕ್ಕೆ ತುಂಬಿ, ಗಂಟು ಹಾಕಿ, ಪೀಪಾಯಿಯೊಳಕ್ಕೆ ಇಳಿಬಿಟ್ಟ.

ಚೀಲದ ವಿಚಾರ ಮಾರನೆಯ ದಿನ ಬೆಳಕಿಗೆ ಬಂತು. ರೇಸಿ ಬಟ್ಟೆಯ ಬೀರುವಿನ ಮುಂದೆ ಒಂಟಿ ಕಾಲುಚೀಲ ಹಿಡಿದು ನಿಂತಿದ್ದಳು. ಅಪ್ಪನ ಹುಟ್ಟುಹಬ್ಬಕ್ಕೆಂದು ತಂದ ಹೊಸ ಕರಿಯ ಜೋಡಿ.

"ರೀ, ಇದರ ಇನ್ನೊಂದು ಎಲ್ಲಿ?"

"ಯಾವುದರದು?"

"ನನಗಿರೋದು ಎರಡು ಕಾಲು. ಇಲ್ಲಿರೋದು ಒಂದು ಕಾಲುಚೀಲ. ಲೆಕ್ಕ ನೀವೇ ಹಾಕಿ."

"ಅದು... ನಿಮ್ಮಪ್ಪನ ಬಿಯರಿನಲ್ಲಿದೆ. ತೊಳೆದೇ ಹಾಕಿದೀನಿ ಕಣೇ."

ಆಮೇಲೆ ಕೋಳಿಯಿಂದ ಚಹಾದವರೆಗೆ ಎಲ್ಲವನ್ನೂ ಹೇಳಲೇಬೇಕಾಯಿತು. ರೇಸಿ ಹಾಸಿಗೆಯ ಮೇಲೆ ಕೂತು, ಮೊದಲು ತನ್ನ ಹಣೆಬರಹವನ್ನು, ಆಮೇಲೆ ಓಕೊನ ಮೂಗನ್ನು, ಕೊನೆಗೆ ಸಮುದ್ರದಂಡೆಯ ಸಮಸ್ತ ಜನತೆಯನ್ನು ಬೈದಳು. ಬೈದು ಮುಗಿಸಿ, "ನಾನು ಅಪ್ಪನಿಗೆ ಹೇಳೋದಿಲ್ಲ," ಎಂದಳು. "ಆದರೆ ಅವರು ಕೇಳಿದರೆ ಸುಳ್ಳೂ ಹೇಳೋದಿಲ್ಲ. ಈ ಕಾಲುಚೀಲದ್ದು ಮಾತ್ರ ನಾನು ನಿಮ್ಮನ್ನ ನೋಡ್ಕೋತೀನಿ."

ಓಕೊ ದಿನಕ್ಕೆರಡು ಸಲ ರುಚಿ ನೋಡಿದ. ಮೊದಲ ದಿನ ಏನೂ ಇಲ್ಲ. ಎರಡನೆಯ ದಿನ ಸುಟ್ಟ ಹಗ್ಗ ನೆಕ್ಕಿದ ಹಾಗಿತ್ತು. ಮೂರನೆಯ ದಿನ ಬಣ್ಣ ಜೇನಿನಂತೆ ಕೆಂಪಿಟ್ಟು, ಮೊದಲು ಹೊಗೆ, ಅದರ ಹಿಂದೆ ಮಾಲ್ಟಿನ ಸಿಹಿ, ಕೊನೆಗೆ ನಾಲಿಗೆಯ ತುದಿಯಲ್ಲಿ ಚಹಾದ ಸಣ್ಣ ಒಗರು ಉಳಿಯಿತು. ಕಾಲುಚೀಲವನ್ನು ಎಳೆದು ತೆಗೆದ. ಆಮೇಲೆ ನೋಡುತ್ತಾನೆ, ಕೈಯಲ್ಲಿದ್ದ ಲೋಟ ಖಾಲಿಯಾಗಿದೆ. ಇಪ್ಪತ್ಮೂರು ವರ್ಷದಲ್ಲಿ ಅವನು ಪೂರ್ತಿ ಕುಡಿದ ಮೊದಲ ಹೊಗೆ ಬಿಯರು ಅದು. ಅವನಿಗೆ ಸಂತೋಷಕ್ಕಿಂತ ನಾಚಿಕೆಯೇ ಹೆಚ್ಚಾಯಿತು.

ಹುಟ್ಟುಹಬ್ಬ ಮೇ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಮಾವನ ಹಿತ್ತಲಲ್ಲಿ. ಚರ್ಚು ಮುಗಿಸಿ ಹನ್ನೆರಡು ಜನ ಹಳೆಯ ಗೆಳೆಯರು ಬಂದು ಉದ್ದನೆಯ ಬೆಂಚುಗಳಲ್ಲಿ ಕೂತರು. ರೇಸಿ ಮಾಂಸ ತುಂಬಿ ಬೇಯಿಸಿದ ಈರುಳ್ಳಿ ಬಡಿಸಿದಳು. ಮಾವನ ಬಲಗಡೆ ಕಿಲಿಯಾನ್ ಕೂತಿದ್ದ. ಅವನು ಬಿಯರು ಕಾಯಿಸುವುದರಲ್ಲೇ ತಲೆ ಹಣ್ಣು ಮಾಡಿಕೊಂಡವನು. ಐನೂರು ವರ್ಷದ ಆ ಕಟ್ಟಳೆಗೆ ಚೌಕಟ್ಟು ಹಾಕಿಸಿ ಮಂಚದ ಮೇಲೆ ತೂಗುಹಾಕಿದ್ದಾನೆಂದು ಪ್ರತೀತಿ. ಓಕೊ ಗ್ಲಾಸುಗಳನ್ನು ತುಂಬಿ ತಂದಿಟ್ಟು, ಓಡಲು ಅನುಕೂಲವಾಗಲೆಂದು ಗೇಟಿನ ಹತ್ತಿರ ನಿಂತ.

ಮಾವ ಗ್ಲಾಸನ್ನು ಬಿಸಿಲಿಗೆ ಹಿಡಿದರು. ಮೂಸಿದರು. ಕುಡಿದರು. ಮುಖದಲ್ಲಿ ಏನೂ ಕಾಣಲಿಲ್ಲ. ಕಿಲಿಯಾನ್ ಮಾತ್ರ ಕಣ್ಣು ಮುಚ್ಚಿ, ಇದು ಹಳೆಯ ಒಲೆಯ ಹೊಗೆಯೇ, ಅದರಲ್ಲೂ ಎಡಗಡೆ ಬಾಯಿಯದು, ಸೌದೆಗೆ ಎರಡು ವರ್ಷ ಗಾಳಿಯಾಡಿದೆ ಎಂದು ಜಾತಕ ಓದಿದ. ಉಳಿದವರು ತಲೆದೂಗಿದರು. ಓಕೊ ಗೇಟಿನ ಚಿಲಕ ಹಿಡಿದುಕೊಂಡ.

ಮಾವ ಎರಡನೆಯದನ್ನು ಕುಡಿದರು, ಮೂರನೆಯದನ್ನೂ ಕುಡಿದರು. ನಡುವೆ ರೇಸಿಯನ್ನು ಕರೆದು ಕಿವಿಯಲ್ಲಿ ಏನೋ ಕೇಳಿ, ಒಂದು ಚಮಚ ಇಸಕೊಂಡರು; ಖಾರದ ಮೂಲಂಗಿಯ ಗೊಜ್ಜಿಗಿರಬೇಕೆಂದು ಓಕೊ ಎಣಿಸಿದ. ಮೂರನೆಯದು ತಳ ಕಂಡಾಗ ಇಡೀ ಮೇಜು ಮಾವನತ್ತ ತಿರುಗಿತು. ಮಾವ ಮೀಸೆ ಒರೆಸಿಕೊಂಡರು.

"ನಮ್ಮದೇ," ಎಂದರು. "ನಮ್ಮನೆ ಬಿಯರೇ."

ಗೆಳೆಯರು ಮೇಜು ಕುಟ್ಟಿದರು. ಕಿಲಿಯಾನ್ ಎದ್ದು ಬಂದು ಓಕೊನ ಬೆನ್ನು ತಟ್ಟಿದ. ಓಕೊನಿಗೆ ಮೈಯೆಲ್ಲ ಹಗುರಾಯಿತು. ಒಂಬತ್ತು ದಿನದಿಂದ ಹಿಡಿದಿದ್ದ ಉಸಿರನ್ನು ಬಿಟ್ಟು, ನಗುನಗುತ್ತ ಖಾಲಿ ಗ್ಲಾಸುಗಳನ್ನು ಎತ್ತಿಕೊಳ್ಳುತ್ತ ಬಂದ. ಮಾವನ ಗ್ಲಾಸಿಗೆ ಕೈ ಹಾಕಿದವನು ಹಾಗೇ ನಿಂತುಬಿಟ್ಟ. ಗ್ಲಾಸಿನೊಳಗೆ ಚಮಚ ನಿಂತಿತ್ತು.

"ಚಹಾ ಸಾಕಪ್ಪ ನನಗೆ," ಎಂದರು ಮಾವ, ಅವನಿಗಷ್ಟೇ ಕೇಳುವ ಹಾಗೆ.

ಓಕೊ ಗ್ಲಾಸು ಬಿಟ್ಟು ಬೆಂಚಿನ ತುದಿಯಲ್ಲಿ ಕೂತ. ಯಾವಾಗ ಗೊತ್ತಾಯಿತು ಎಂಬುದನ್ನು ಮಾವನೇ ಹೇಳಿದರು.

"ಏಪ್ರಿಲ್‌ನಲ್ಲೇ. ನೀನು ಕೊಟ್ಟ ಮೊಟ್ಟೆ ಬೇಯಿಸಿ ಒಡೆದರೆ ನನ್ನ ಒಲೆ ವಾಸನೆ ಬಂತು. ಮಾಲ್ಟು ಯಾರ ಹೊಟ್ಟೆ ಸೇರ್ತು ಅಂತ ಆಗಲೇ ಗೊತ್ತಾಯ್ತು. ಇವನು ಬಂದು ಅಳ್ತಾನೋ, ಏನಾದರೂ ಮಾಡ್ತಾನೋ ನೋಡೋಣ ಅಂತ ಸುಮ್ಮನಿದ್ದೆ."

"ತಪ್ಪಾಯ್ತು ಮಾವ."

"ತಪ್ಪೇ. ಆದರೆ ಚೆನ್ನಾಗಿದೆ. ಕಿಲಿಯಾನಿಗೆ ಹೇಳಬೇಡ, ಸತ್ತುಹೋಗ್ತಾನೆ. ಮುಂದಿನ ವರ್ಷಕ್ಕೆ ನಿಮ್ಮಕ್ಕನಿಗೆ ಎರಡು ಡಬ್ಬಿ ಹೇಳು. ಹೊಗೆ ಸ್ವಲ್ಪ ಕಮ್ಮಿಯಾಯ್ತು."

ಓಕೊನಿಗೆ ಅಳು ಬಂತೋ ನಗು ಬಂತೋ ತಿಳಿಯಲಿಲ್ಲ. ಮಾವ ಅವನನ್ನು ತಮ್ಮ ಪಕ್ಕಕ್ಕೆ ಎಳೆದು ಕೂರಿಸಿಕೊಂಡು, "ರೇಸಿ, ಆ ಬಟ್ಟಲು ತಾರಮ್ಮ," ಎಂದರು. ರೇಸಿ ಒಳಗಿನಿಂದ ಗುಲಾಬಿ ಚಿತ್ತಾರದ ಬಟ್ಟಲೊಂದನ್ನು ತಂದು ಗಂಡನ ಮುಂದಿಟ್ಟಳು. ಇಡುವಾಗ ಮೇಜಿನ ಮೇಲಿದ್ದ ಚಮಚಗಳನ್ನೆಲ್ಲ ಒಂದೂ ಬಿಡದೆ ಎತ್ತಿ ಏಪ್ರನ್ನಿಗೆ ಹಾಕಿಕೊಂಡಳು. ಅವಳ ಒಂದು ಕಾಲಿಗೆ ಕರಿಯ ಕಾಲುಚೀಲ, ಇನ್ನೊಂದಕ್ಕೆ ಕಂದು.

ಮಾವ ಬಿಯರಿನ ಹೂಜಿ ಎತ್ತಿ ಬಟ್ಟಲು ತುಂಬಿಸಿದರು. ಓಕೊ ಕುಡಿದ. ಚೆನ್ನಾಗಿಯೇ ಇತ್ತು. ಬಟ್ಟಲನ್ನು ಕೆಳಗಿಟ್ಟು ಸಾಕೆನ್ನಲು ಒಂದು ಚಮಚಕ್ಕಾಗಿ ಮೇಜಿನ ಉದ್ದಗಲ ನೋಡಿದ. ಅಷ್ಟರಲ್ಲಿ ಮಾವ ಮತ್ತೆ ಸುರಿದಾಗಿತ್ತು.

"ಎರಡು," ಎಂದರು ಮಾವ.